ಸೇಲಂ ಬಿಸಿಲಿನಲ್ಲಿ ಎಂಜಿನ್ನಿನ ಉಸಿರು

ಸೇಲಂ ಜಿಲ್ಲೆಯ ಸಂಕಗಿರಿ ಲಾರಿ ಮಾಲೀಕರ ಊರು. ಪಕ್ಕದ ನಾಮಕ್ಕಲ್ ಲಾರಿಗೆ ಬಾಡಿ ಕಟ್ಟುವುದಕ್ಕೆ ಹೆಸರುವಾಸಿ. ಹೆದ್ದಾರಿಯಲ್ಲಿ ಈ ಕಡೆಯ ಲಾರಿಗಳ ಹಿಂದೆ ಹೋಗುವಾಗ ಒಮ್ಮೆ ಕ್ಯಾಬಿನ್ನಿನ ಹಿಂಬದಿ ನೋಡಿ. ಬಹಳಷ್ಟು ಲಾರಿಗಳಲ್ಲಿ ದಪ್ಪನೆಯ ಕಪ್ಪು ಕೊಳವೆಯೊಂದು ಮೇಲೇರಿ, ಕ್ಯಾಬಿನ್ನಿನ ಎತ್ತರದಲ್ಲಿ ಬಾಯಿ ತೆರೆದಿರುತ್ತದೆ. ಎಂಜಿನ್ ಇರುವುದು ಕೆಳಗೆ, ಉಸಿರೆಳೆಯುವುದು ಮೇಲಿಂದ. ಚಕ್ರ ಎಬ್ಬಿಸುವ ಧೂಳು, ರಸ್ತೆಯ ಕಾವು, ಮಳೆಗಾಲದಲ್ಲಿ ನಿಂತ ನೀರು ಮೂರನ್ನೂ ತಪ್ಪಿಸಲು ಮಾಡಿದ ಏರ್ಪಾಡು ಅದು. ಕಾರಿಗೆ ಹೊಸ ಇನ್‌ಟೇಕ್ ಹಾಕಿಸಬೇಕು ಎಂದು ನನ್ನನ್ನು ಕೇಳುವವರಿಗೆಲ್ಲ ಮೊದಲು ಆ ಕೊಳವೆಯನ್ನು ನೋಡಿ ಬನ್ನಿ ಎನ್ನುತ್ತೇನೆ. ಸೇಲಂ, ಧರ್ಮಪುರಿಯ ರಸ್ತೆಗಳಲ್ಲಿ ಇನ್‌ಟೇಕ್‌ನ ಬೆಲೆಯನ್ನು ಅದರ ಫಿಲ್ಟರಿನ ಮೇಲಿರುವ ಹೆಸರು ಹೇಳುವುದಿಲ್ಲ. ಗಾಳಿಯನ್ನು ಅದು ಎಲ್ಲಿಂದ ಎಳೆದುಕೊಳ್ಳುತ್ತದೆ ಎಂಬುದು ಹೇಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೆಚ್ಚು ಬಿಕರಿಯಾಗುವುದು ಕೋನ್ ಫಿಲ್ಟರ್. ಕಂಪನಿಯ ಕಪ್ಪು ಡಬ್ಬ ಬಿಚ್ಚಿಡುತ್ತಾರೆ, ಅದರ ಜಾಗಕ್ಕೆ ಒಂದು ಅಲ್ಯೂಮಿನಿಯಂ ಪೈಪು ಬರುತ್ತದೆ, ಪೈಪಿನ ತುದಿಗೆ ಕೆಂಪು ಶಂಕುವಿನಾಕಾರದ ಫಿಲ್ಟರ್ ಕೂರುತ್ತದೆ. ಬಾನೆಟ್ ಎತ್ತಿದರೆ ಚೆಂದ ಕಾಣುತ್ತದೆ. ಅದೇ ಕಾರು ಅತ್ತಿಬೆಲೆ, ಹೊಸೂರು, ಕೃಷ್ಣಗಿರಿ ದಾಟಿ, ಧರ್ಮಪುರಿ ಬಿಟ್ಟು ತೊಪ್ಪೂರು ಘಾಟಿ ಇಳಿದು ಸೇಲಂ ಸೇರುವಷ್ಟರಲ್ಲಿ ಗಾಳಿಯ ಲೆಕ್ಕವೇ ಬದಲಾಗಿರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಸೇಲಂ 300 ಮೀಟರಿಗೂ ಕೆಳಗೆ. ಇಷ್ಟು ಇಳಿದಾಗ ಗಾಳಿಯ ಒತ್ತಡ ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ. ಬೆಂಗಳೂರಿನಲ್ಲಿ 25 ಡಿಗ್ರಿ, ಸೇಲಂನಲ್ಲಿ 38 ಡಿಗ್ರಿ ಎಂದಿಟ್ಟುಕೊಂಡರೆ ಬಿಸಿಲು ಅದರಲ್ಲಿ ನಾಲ್ಕು ಪಾಲನ್ನು ಕಿತ್ತುಕೊಳ್ಳುತ್ತದೆ. ಆದರೂ ಮೂರು ಮೂರೂವರೆ ಪಾಲು ಲಾಭ ಉಳಿಯುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಕಾರು ಮಾರ್ಚ್ ತಿಂಗಳ ಸೇಲಂನಲ್ಲೂ ಬೆಂಗಳೂರಿಗಿಂತ ಒಂದಿಷ್ಟು ಹೆಚ್ಚು ಗಾಳಿ ಕುಡಿಯುತ್ತದೆ. ಈಗ ಬಾನೆಟ್ ಒಳಗೆ ತೆರೆದಿಟ್ಟ ಕೋನ್ ಫಿಲ್ಟರನ್ನು ಲೆಕ್ಕಕ್ಕೆ ತನ್ನಿ. ರೇಡಿಯೇಟರು, ಎಕ್ಸಾಸ್ಟ್ ಮ್ಯಾನಿಫೋಲ್ಡು ಎರಡರ ಬಿಸಿಯೂ ಅಲ್ಲೇ ಸುತ್ತುತ್ತಿರುತ್ತದೆ. ಟೋಲ್‌ಗೇಟ್ ಸಾಲಿನಲ್ಲಿ ನಿಂತಾಗ ಅದು ಎಳೆಯುವ ಗಾಳಿ 65 ಡಿಗ್ರಿ ಮುಟ್ಟಿದರೆ, ಹೊರಗಿನ 38 ಡಿಗ್ರಿಯ ಗಾಳಿಗೆ ಹೋಲಿಸಿದಾಗ ನೂರಕ್ಕೆ ಎಂಟು ಪಾಲು ತೆಳುವಾಗಿರುತ್ತದೆ. ಇನ್ನೂರು ಕಿಲೋಮೀಟರ್ ಇಳಿದು ಸಂಪಾದಿಸಿದ್ದೆಲ್ಲ ಅಲ್ಲೇ ಹೋಯಿತು, ಕೈಯಿಂದಲೂ ನಾಲ್ಕೈದು ಪಾಲು ಹೋಯಿತು.

ಏರ್ಕಾಡಿಗೆ ಹತ್ತುವಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸೇಲಂ ಬದಿಯಿಂದ ಶೆವರಾಯ್ ಬೆಟ್ಟ ಏರುವ ಈ ರಸ್ತೆಯಲ್ಲಿ 20 ಹೇರ್‌ಪಿನ್ ತಿರುವುಗಳಿವೆ. ಮೇಲೆ ಊರು ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ತಂಪಾದ ಗಾಳಿ ಕೊಡುವ ಅನುಕೂಲ ಸೇರಿಸಿದರೂ ಅಲ್ಲಿನ ಗಾಳಿ ಸೇಲಂಗಿಂತ ನೂರಕ್ಕೆ ಹತ್ತು ಪಾಲು ತೆಳು. ತಿರುವಿನಲ್ಲಿ ಕಾರು ನಿಧಾನವಾಗುತ್ತದೆ, ಎರಡನೇ ಗೇರಿನಲ್ಲಿ ಎಂಜಿನ್ ಕಷ್ಟಪಡುತ್ತಿರುತ್ತದೆ, ಮುಂದಿನಿಂದ ನುಗ್ಗುವ ಗಾಳಿ ಕಡಿಮೆ, ಬಾನೆಟ್ ಒಳಗಿನ ಬಿಸಿ ಹೆಚ್ಚು. ಅಂಥ ಹೊತ್ತಿನಲ್ಲಿ ಗ್ರಿಲ್ಲಿನ ಹಿಂದಿನಿಂದ ನೇರ ಹೊರಗಾಳಿ ತರುವ, ಮುಚ್ಚಿದ ಡಬ್ಬದ ಇನ್‌ಟೇಕ್ ಇರುವ ಕಾರಿಗೂ ತೆರೆದ ಕೋನ್ ಇರುವ ಕಾರಿಗೂ ಇರುವ ಅಂತರ ಪೆಡಲ್ ಮೇಲಿನ ಪಾದಕ್ಕೇ ತಿಳಿಯುತ್ತದೆ.

ಕಂಪನಿಯ ಡಬ್ಬವನ್ನು ಹೀಗಳೆಯುವವರ ಜೊತೆ ನನಗೆ ಜಗಳವಿದೆ. ಅದರ ಪಕ್ಕದಲ್ಲಿ ಯಾವ ಕೆಲಸಕ್ಕೂ ಬಾರದಂತೆ ಕಾಣುವ ಒಂದು ಕುರುಡು ಬುರುಡೆ ಇರುತ್ತದೆ. ಅದು ರೆಸೊನೇಟರ್. ವಾಲ್ವುಗಳು ತೆರೆದು ಮುಚ್ಚುವಾಗ ಕೊಳವೆಯೊಳಗೆ ಒತ್ತಡದ ಅಲೆಗಳು ಹಿಂದಕ್ಕೂ ಮುಂದಕ್ಕೂ ಓಡುತ್ತವೆ. ಕೊಳವೆಯ ಉದ್ದ ಮತ್ತು ಈ ಬುರುಡೆಯ ಗಾತ್ರ ಅವನ್ನು ಹದಕ್ಕೆ ತರುತ್ತವೆ, ಸದ್ದನ್ನೂ ತಗ್ಗಿಸುತ್ತವೆ. ಅದನ್ನು ಕಿತ್ತು ನೇರ ಪೈಪು ಹಾಕಿದರೆ ಐದಾರು ಸಾವಿರ ಆರ್‌ಪಿಎಂನಲ್ಲಿ ಚೂರು ಲಾಭವಾಗಬಹುದು, ಎರಡು ಸಾವಿರದಿಂದ ಮೂರು ಸಾವಿರದ ನಡುವಿನ ಎಳೆತ ಸಡಿಲವಾಗಬಹುದು. ಘಾಟಿ ಹತ್ತುವವನಿಗೆ ಬೇಕಾದದ್ದು ಆ ನಡುವಿನ ಎಳೆತವೇ.

ಹಾಗಾದರೆ ಒಳ್ಳೆಯ ಇನ್‌ಟೇಕ್‌ನಿಂದ ಸಿಗುವುದೇನು? 1.2 ಲೀಟರಿನ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3,000 ಲೀಟರ್ ಗಾಳಿ ಎಳೆಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿಯಲು ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಇಷ್ಟು ಗಾಳಿಗೆ ಹೊಸ ಪೇಪರ್ ಫಿಲ್ಟರ್ ಒಡ್ಡುವ ತಡೆ ವಾತಾವರಣದ ಒತ್ತಡದಲ್ಲಿ ನೂರಕ್ಕೆ ಒಂದೆರಡು ಪಾಲು. ಆ ತಡೆಯನ್ನು ಪೂರ್ತಿ ತೆಗೆದರೂ ಸಿಗುವ ಶಕ್ತಿ ಅಷ್ಟೇ ಪ್ರಮಾಣದ್ದು, ಅದೂ ಪೆಡಲನ್ನು ನೆಲಕ್ಕೊತ್ತಿದಾಗ ಮಾತ್ರ. ಅರ್ಧ ಪೆಡಲಿನಲ್ಲಿ ಗಾಳಿಯನ್ನು ತಡೆದು ನಿಲ್ಲಿಸುವುದು ಥ್ರಾಟಲ್ಲೇ, ಆದ್ದರಿಂದ ಫಿಲ್ಟರ್ ಬದಲಿಸಿ ಮೈಲೇಜ್ ಹೆಚ್ಚಿಸುವ ಮಾತು ನಿಲ್ಲುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫ್ಯುಯೆಲ್ ಇಂಜೆಕ್ಷನ್ ಕಾರುಗಳ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿತು. ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ವೇಗ ಹಿಡಿಯುವ ಸಮಯ ಮಾತ್ರ ಹೆಚ್ಚಾಯಿತು.

ಸದ್ದಿನ ಮಾತು ಬೇರೆ. ಥ್ರಾಟಲ್ ತೆರೆದಾಗ ಗಾಳಿ ಒಳನುಗ್ಗುವ ಆ ಗಂಭೀರ ಮೊರೆತಕ್ಕಾಗಿ ಇನ್‌ಟೇಕ್ ಹಾಕಿಸುವವರನ್ನು ನಾನು ಮನಸಾರೆ ಒಪ್ಪುತ್ತೇನೆ. ಎಕ್ಸಾಸ್ಟ್ ಬದಲಿಸಿದರೆ ಬೀದಿಯವರಿಗೆಲ್ಲ ಕೇಳಿಸುತ್ತದೆ, ಇನ್‌ಟೇಕ್ ಸದ್ದು ಹೆಚ್ಚಾಗಿ ಒಳಗೆ ಕೂತವರಿಗೆ. ಏರ್ಕಾಡಿನ ಕಾಫಿ ತೋಟಗಳ ನಡುವೆ ಕಿಟಕಿ ಇಳಿಸಿ, ಮೂರನೇ ಗೇರಿನಲ್ಲಿ ಮೂರೂವರೆ ಸಾವಿರ ದಾಟಿಸಿದಾಗ ಬರುವ ಆ ದನಿ ಗೊತ್ತಿರುವವರಿಗೆ ಒಂದೆರಡು ಅಶ್ವಶಕ್ತಿಯ ಲೆಕ್ಕ ಬೇಕಾಗುವುದೇ ಇಲ್ಲ. ಮುಚ್ಚಿದ ಡಬ್ಬದಲ್ಲಿ ಈ ದನಿ ಸ್ವಲ್ಪ ತಗ್ಗುತ್ತದೆ, ಆದರೆ ಕರ್ಕಶತನ ಕಳೆದು ತುಂಬಿಬರುತ್ತದೆ. ನನ್ನ ಕಿವಿಗೆ ಅದೇ ಚೆಂದ.

ಇನ್ನು ಧೂಳು. ಸೇಲಂನಿಂದ ಓಮಲೂರಿನ ಕಡೆ ಹೊರಟರೆ ಚಾಕ್ ಹಿಲ್ಸ್ ಎಂದು ಬ್ರಿಟಿಷರು ಹೆಸರಿಟ್ಟ ಮ್ಯಾಗ್ನಸೈಟ್ ಗುಡ್ಡಗಳು ಸಿಗುತ್ತವೆ. ಗಣಿಯ ಬಿಳಿ ಹುಡಿ ನೋಡಿ ಎಂಜಿನ್ನಿಗೆ ಗಂಡಾಂತರ ಎಂದು ಹೆದರುವವರಿದ್ದಾರೆ. ಅದಕ್ಕಿಂತ ಹೆದರಬೇಕಾದದ್ದು ಧರ್ಮಪುರಿ, ಕೃಷ್ಣಗಿರಿಯ ಗ್ರಾನೈಟ್ ಕ್ವಾರಿ ರಸ್ತೆಗಳ ಬೂದು ಧೂಳಿಗೆ. ಮ್ಯಾಗ್ನಸೈಟ್ ಮೋಸ್ ಗಡಸುತನದಲ್ಲಿ ನಾಲ್ಕರ ಆಸುಪಾಸು. ಗ್ರಾನೈಟಿನಲ್ಲಿರುವ ಸ್ಫಟಿಕಶಿಲೆ ಏಳು, ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಪಿಸ್ಟನ್ ರಿಂಗಿಗೂ ಗೋಡೆಗೂ ನಡುವೆ ಸಿಕ್ಕಿದರೆ ಮರಳುಕಾಗದದಂತೆ ತೇಯುತ್ತದೆ. ಬಿಳಿ ಹುಡಿ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ಬೂದು ಧೂಳು ಎಂಜಿನ್ನನ್ನೇ ತಿನ್ನುತ್ತದೆ.

ಎಣ್ಣೆ ಸವರಿದ ಹತ್ತಿಯ ಫಿಲ್ಟರಿಗೆ ಹೆಸರು ತಂದದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ 1969ರಲ್ಲಿ ಶುರುವಾದ ಕೆ ಅಂಡ್ ಎನ್. ತೊಳೆದು ಮತ್ತೆ ಬಳಸಬಹುದು, ಗಾಳಿಗೆ ತಡೆ ಕಡಿಮೆ, ನಿಜ. ಆದರೆ ಫಿಲ್ಟರ್ ಕೊಳ್ಳುವಾಗ ಐಎಸ್ಒ 5011 ಪರೀಕ್ಷೆಯ ಅಂಕೆ ಕೇಳಿ. ಧೂಳಿನಲ್ಲಿ ನೂರಕ್ಕೆ 99 ಹಿಡಿಯುವುದಕ್ಕೂ 97 ಹಿಡಿಯುವುದಕ್ಕೂ ಎರಡೇ ಅಂಕೆಯ ವ್ಯತ್ಯಾಸ ಎಂದು ಅಂಗಡಿಯವರು ಹೇಳುತ್ತಾರೆ. ಎಂಜಿನ್ನಿನ ಕಡೆಯಿಂದ ನೋಡಿದರೆ ಒಳಬರುವ ಧೂಳು ಒಂದು ಪಾಲಿನಿಂದ ಮೂರು ಪಾಲಾಯಿತು. ಬೆಂಗಳೂರಿನಲ್ಲಿ ಮನೆ, ಕಚೇರಿ ಎಂದು ಓಡಾಡುವ ಕಾರಿಗೆ ಹತ್ತಿಯ ಫಿಲ್ಟರ್ ಆಗಬಹುದು. ಪೆನ್ನಾಗರಂ, ಪಾಲಕ್ಕೋಡು ಕಡೆ ದಿನವೂ ಓಡುವ ಕಾರಿಗೆ ಒಳ್ಳೆಯ ಪೇಪರ್ ಫಿಲ್ಟರನ್ನೇ ಹಾಕಿ, ಡಬ್ಬ ಮತ್ತು ಡಕ್ಟನ್ನು ಮಾತ್ರ ಸುಧಾರಿಸಿ ಎನ್ನುತ್ತೇನೆ.

ಕೂರಿಸುವ ಕೆಲಸವನ್ನು ನಾನು ನೋಡಿದ್ದರಲ್ಲಿ ಅತ್ಯಂತ ನಾಜೂಕಾಗಿ ಮಾಡಿದ್ದು ಧರ್ಮಪುರಿಯ ಒಂದು ಪುಟ್ಟ ಶೆಡ್ಡಿನ ಮೆಕ್ಯಾನಿಕ್. ನೊಳಂಬರ ಕಾಲದ ಕನ್ನಡ ಶಾಸನಗಳು ಸಿಕ್ಕಿರುವ ಊರು ಅದು. ಸುತ್ತಮುತ್ತ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇವತ್ತಿಗೂ ಇವೆ, ಅವರದೂ ಅಂಥದೇ ಮನೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕಿಟ್ಟು, ಡಬ್ಬ ತೆಗೆಯುವ ಮುನ್ನ ಸುತ್ತಲಿನ ಧೂಳನ್ನೆಲ್ಲ ಬ್ರಷ್ಷಿನಿಂದ ಒರೆಸಿದರು. ಡಬ್ಬ ಕಳಚಿದ ಕೂಡಲೇ ಥ್ರಾಟಲ್ ಬಾಡಿಯ ಬಾಯಿಗೆ ಶುಭ್ರ ಬಟ್ಟೆ ತುರುಕಿದರು, ಒಂದು ಸ್ಕ್ರೂ ಜಾರಿ ಒಳಗೆ ಬಿದ್ದರೂ ಎಂಜಿನ್ ಬಿಚ್ಚಬೇಕಾಗುತ್ತದಲ್ಲ. ಹೊಸ ಪೈಪಿನ ಒಳಗೆ ಬೆರಳಾಡಿಸಿ, ಕತ್ತರಿಸಿದ ಅಂಚಿನ ಚೂರುಗಳನ್ನು ಕೆರೆದು ತೆಗೆದರು. ಸಿಲಿಕಾನ್ ಹೋಸ್ ಕೂರಿಸಿದರೂ ಕ್ಲಾಂಪ್ ತಕ್ಷಣ ಬಿಗಿಯಲಿಲ್ಲ. ಎಂಜಿನ್ ಶುರುಮಾಡಿಸಿ, ಅದು ಅಲುಗುವಾಗ ಪೈಪು ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಬಿಗಿದರು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಣಿಯುತ್ತಿರುತ್ತದೆ, ಪೈಪನ್ನು ಬಾಡಿಗೆ ಗಟ್ಟಿಯಾಗಿ ಬಿಗಿದರೆ ಇವತ್ತಲ್ಲ ನಾಳೆ ಬ್ರಾಕೆಟ್ ಸೀಳುತ್ತದೆ.

ಬ್ರೀದರ್ ಪೈಪಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಕ್ರ್ಯಾಂಕ್‌ಕೇಸಿನಿಂದ ಬರುವ ಆವಿಯನ್ನು ಮತ್ತೆ ಇನ್‌ಟೇಕಿಗೇ ಕೊಡಬೇಕು, ಅದೂ ಫಿಲ್ಟರ್ ದಾಟಿದ ಮೇಲಿನ ಜಾಗಕ್ಕೆ. ಅದಕ್ಕೊಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಗಾಳಿಗೆ ಬಿಡುವ ಚಾಳಿ ಇದೆ. ಎಣ್ಣೆಯ ವಾಸನೆ ಕಾರಿನೊಳಗೆ ಬರುತ್ತದೆ, ಊರಿನ ಗಾಳಿಯೂ ಕೆಡುತ್ತದೆ. ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಾದರೆ ಅದು ಕೂರುವ ಕೊಳವೆಯ ವ್ಯಾಸ ಕೂದಲಷ್ಟೂ ಬದಲಾಗಬಾರದು. ಸೆನ್ಸರಿನೊಳಗಿನ ಬಿಸಿತಂತಿ ಅಳೆಯುವುದು ತನ್ನನ್ನು ದಾಟುವ ಗಾಳಿಯನ್ನು, ಕೊಳವೆ ಅಗಲವಾದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಸುಳ್ಳು ಲೆಕ್ಕ ಹೋಗುತ್ತದೆ. ಫಿಲ್ಟರಿಗೆ ಎಣ್ಣೆ ಹೆಚ್ಚು ಸುರಿದರೆ ಅದೇ ತಂತಿಗೆ ಅಂಟುತ್ತದೆ.

ಗಾಳಿಯ ಬಾಯಿಯನ್ನು ತೀರಾ ಕೆಳಗೆ, ಬಂಪರಿನ ತಳಕ್ಕೆ ಇಳಿಸಬೇಡಿ. ತಂಪು ಗಾಳಿ ಅಲ್ಲಿ ಸಿಗುತ್ತದೆ, ಸರಿ. ಆದರೆ ದೊಡ್ಡ ಮಳೆ ಬಿದ್ದ ಸಂಜೆ ಸೇಲಂನ ತಗ್ಗು ರಸ್ತೆಗಳಲ್ಲಿ ನೀರು ನಿಂತಾಗ ಎಂಜಿನ್ ಅದನ್ನೇ ಹೀರುತ್ತದೆ. ನೀರು ಕುಗ್ಗುವ ವಸ್ತುವಲ್ಲ, ಕನೆಕ್ಟಿಂಗ್ ರಾಡ್ ಬಾಗಿದ ಮೇಲೆ ಎಂಜಿನ್ ಬಿಚ್ಚದೆ ಗತಿಯಿಲ್ಲ. ಹೆಡ್‌ಲೈಟಿನ ಪಕ್ಕ, ಗ್ರಿಲ್ಲಿನ ಮೇಲಂಚು, ಇವೇ ಸರಿಯಾದ ಜಾಗ. ಕಂಪನಿಯವರೂ ಬಹುತೇಕ ಅಲ್ಲೇ ಇಟ್ಟಿರುತ್ತಾರೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಸೆನ್ಸರುಗಳ ಅಂಕೆ ತೋರಿಸುವ ಒಂದು ಓಬಿಡಿ ರೀಡರ್ ಸಾಕು. ತೊಪ್ಪೂರು ಘಾಟಿಯಲ್ಲಿ ವೇಗದ ಪರೀಕ್ಷೆಗೆ ಇಳಿಯಬೇಡಿ. ಬ್ರೇಕ್ ಸೋತ ಲಾರಿಗಳು ಎಷ್ಟೋ ಜೀವ ತೆಗೆದ ಇಳಿಜಾರು ಅದು. ಟೋಲ್ ಸಾಲಿನಿಂದ ಹೊರಟು ನಾಲ್ಕನೇ ಗೇರಿಗೆ ಬಂದ ಮೇಲೆ ಒಳಗಾಳಿಯ ತಾಪ ಎಷ್ಟು ಬೇಗ ಇಳಿಯುತ್ತದೆ ಎಂದು ಪಕ್ಕದಲ್ಲಿ ಕೂತವರು ನೋಡಲಿ. ಓಟದಲ್ಲಿ ಹೊರಗಿನ ತಾಪಕ್ಕಿಂತ ಹತ್ತು ಡಿಗ್ರಿಯೊಳಗೆ ಬಂದು ನಿಂತರೆ ಡಕ್ಟ್ ಕೆಲಸ ಮಾಡುತ್ತಿದೆ ಎಂದರ್ಥ. ಇಪ್ಪತ್ತೈದು ಡಿಗ್ರಿ ಮೇಲೆಯೇ ಉಳಿದರೆ ಎಲ್ಲೋ ಬಾನೆಟ್ಟಿನ ಬಿಸಿ ನುಸುಳುತ್ತಿದೆ, ಡಬ್ಬದ ಮುಚ್ಚಳದ ರಬ್ಬರನ್ನು ಮೊದಲು ನೋಡಿ. ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಇಂಧನಕ್ಕೆ ಮಾಡುವ ತಿದ್ದುಪಡಿ, ನೂರಕ್ಕೆ ಹತ್ತರ ಆಚೆಗೆ ಹೋಗಿ ನಿಂತಿದ್ದರೆ ಸೆನ್ಸರಿನ ಹತ್ತಿರ ಗಾಳಿ ಸೋರುತ್ತಿರಬಹುದು. ಟರ್ಬೊ ಕಾರುಗಳಲ್ಲಿ ಈ ತಾಪವನ್ನು ಇಂಟರ್‌ಕೂಲರ್ ದಾಟಿದ ಮೇಲೆ ಅಳೆಯುವುದೇ ಹೆಚ್ಚು, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸದ್ದು, ಹೊಗೆಯ ಮಿತಿಗಳು ಬೇರೆ. ಹಳೆಯ ಡಬ್ಬವನ್ನು ಎಸೆಯದೆ ಮನೆಯಲ್ಲಿಡಿ, ವಾರಂಟಿಯ ಮಾತು ಬಂದಾಗಲೂ ಬೇಕಾಗುತ್ತದೆ.

ಹಾಕಿಸಿ ಸಾವಿರ ಕಿಲೋಮೀಟರ್ ಆದ ಮೇಲೆ ಲಾರಿಯವರ ಒಂದು ಪರೀಕ್ಷೆ ಮಾಡಿ. ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಹೋಸ್ ಕಳಚಿ, ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗಿಯೇ ಉಳಿದರೆ ನಿಶ್ಚಿಂತೆಯಾಗಿ ಓಡಿಸಿ, ಮುಂದಿನ ಸರ್ವೀಸಿನಲ್ಲಿ ಮತ್ತೊಮ್ಮೆ ಒರೆಸಿ ನೋಡಿ. ಬೂದು ಬಣ್ಣ ಹತ್ತಿದರೆ ಫಿಲ್ಟರಿನ ಅಂಚು ಸರಿಯಾಗಿ ಕೂತಿಲ್ಲ, ಇಲ್ಲವೇ ಫಿಲ್ಟರೇ ಧೂಳು ಬಿಡುತ್ತಿದೆ. ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಮತ್ತೆ ಕೂರಿಸಿ, ಇನ್ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಿ. ಆಗಲೂ ಬೂದು ಕಂಡರೆ ಅದೇ ದಿನ ಕಂಪನಿಯ ಡಬ್ಬ, ಪೇಪರ್ ಫಿಲ್ಟರ್ ವಾಪಸ್ ಹಾಕಿಸಿ.