ನಾಡಿನ ಜನರೂ ಜನಾಂಗಗ್ರಂಥಗಳೂ: ಒಂದು ವಿಮರ್ಶೆ

ಒಂದು ನಾಡಿನ ಜನಸಮುದಾಯವು ಯಾವ ಯಾವ ಮೂಲಗಳಿಂದ ಕೂಡಿಬಂದಿದೆ ಎಂಬ ಪ್ರಶ್ನೆ ಪಂಡಿತರ ಕುತೂಹಲಕ್ಕಷ್ಟೇ ಸಂಬಂಧಿಸಿದುದಲ್ಲ. ಅದಕ್ಕೆ ಕೊಡುವ ಉತ್ತರವನ್ನು ಅನುಸರಿಸಿಯೇ ಒಬ್ಬನು ನಾಡಿನವನೆನಿಸುತ್ತಾನೆ, ಮತ್ತೊಬ್ಬನು ಹೊರಗಿನವನೆನಿಸುತ್ತಾನೆ. ಕನ್ನಡದಲ್ಲಿ ಈ ಚರ್ಚೆಗೆ ತೊಡಗುವ ಮೊದಲೇ ತೊಡಕೊಂದು ಎದುರಾಗುತ್ತದೆ. ‘ಜನಾಂಗ’ ಎಂಬ ಒಂದೇ ಮಾತು ದೇಹಲಕ್ಷಣದಿಂದ ಗುರುತಿಸುವ ಮಾನವವರ್ಗಕ್ಕೂ ಜಾತಿಗೂ ಬುಡಕಟ್ಟಿಗೂ ಕಡೆಗೆ ಒಂದು ತಲೆಮಾರಿಗೂ ಸಲ್ಲುತ್ತದೆ. ‘ದ್ರಾವಿಡ ಜನಾಂಗ’, ‘ಹಿಂದುಳಿದ ಜನಾಂಗ’, ‘ಯುವಜನಾಂಗ’ ಎಂಬ ಮೂರು ಪ್ರಯೋಗಗಳಲ್ಲಿ ಅರ್ಥ ಮೂರು ಬಗೆ. ಮಾತಿನ ಈ ಸಡಿಲತೆಯ ಹಿಂದೆ ಶಾಸ್ತ್ರದ ಗೊಂದಲವೂ ಇದೆ. ಅದನ್ನು ಅರಿಯಲು ಮೈಸೂರು ವಿಶ್ವವಿದ್ಯಾನಿಲಯವು 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಎಂಬ ಗ್ರಂಥವು ತಕ್ಕ ನಿದರ್ಶನವಾಗಿದೆ.

ಈ ಗ್ರಂಥದ ಹಿಂದೆ ಇಬ್ಬರು ವಿದ್ವಾಂಸರ ಪರಿಶ್ರಮವಿದೆ. 1901ರ ಜನಗಣತಿಯ ಜೊತೆಯಲ್ಲಿ ಭಾರತಾದ್ಯಂತ ಆರಂಭವಾದ ಜನಾಂಗ ಸಮೀಕ್ಷೆಯನ್ನು ಮೈಸೂರು ಸಂಸ್ಥಾನದಲ್ಲಿ ನಡೆಯಿಸಿದವರು ಎಚ್. ವಿ. ನಂಜುಂಡಯ್ಯನವರು. 1915ರ ಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರೂ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳೂ ಅವರೇ. 1920ರಲ್ಲಿ ಅವರು ಕಾಲವಶರಾಗಲು, ಕೊಚ್ಚಿ ಸಂಸ್ಥಾನದ ಜನರನ್ನು ಕುರಿತು ಬರೆದು ಹೆಸರಾಗಿದ್ದ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಆ ಸಾಮಗ್ರಿಯನ್ನು ಪರಿಷ್ಕರಿಸಿ, ವಿಸ್ತರಿಸಿ ಮುಗಿಸಿದರು.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಒಂದೊಂದು ಸಮುದಾಯದ ಹುಟ್ಟು, ಮದುವೆ, ಸಾವಿನ ವಿಧಿಗಳು, ಬೆಡಗುಗಳು, ಕುಲದೇವತೆಗಳು, ಪಂಚಾಯಿತಿಯ ಕಟ್ಟಳೆಗಳು, ಕಸುಬಿನ ಕ್ರಮಗಳು ಇಲ್ಲಿ ತಾಳ್ಮೆಯಿಂದ ದಾಖಲಾಗಿವೆ. ಇಂದು ಮರೆಯಾಗಿರುವ ಎಷ್ಟೋ ಆಚರಣೆಗಳಿಗೆ ಈ ಪುಟಗಳು ಸಾಕ್ಷಿ. ಆದರೆ ಕನ್ನಡ ಸಮ್ಮೇಳನದ ಮೊದಲ ಅಧ್ಯಕ್ಷರು ತೊಡಗಿದ ಈ ಕೆಲಸ ಇಂಗ್ಲಿಷಿನಲ್ಲಿ ನಡೆಯಿತು. ಯಾರ ಬಾಳನ್ನು ಅದು ವರ್ಣಿಸಿತೋ ಅವರು ಅದನ್ನು ಓದಿ ‘ಇದು ಸರಿ, ಇದು ತಪ್ಪು’ ಎನ್ನುವ ಅವಕಾಶವೇ ಇರಲಿಲ್ಲ. ಆಳುವವರ ಅನುಕೂಲಕ್ಕಾಗಿ ಮೊದಲಾದ ವಿದ್ಯೆಯ ಮಿತಿ ಇದು.

ಇದಕ್ಕಿಂತ ದೊಡ್ಡ ದೋಷ ಕಡೆಯಲ್ಲಿ, ಎಂದರೆ 1935ರಲ್ಲಿ, ಪ್ರಕಟವಾದ ಒಂದನೆಯ ಸಂಪುಟದಲ್ಲಿದೆ. ಭಾರತದ ಜನಾಂಗ ಚರಿತ್ರೆಯಲ್ಲಿ ಮೈಸೂರಿನ ಸ್ಥಾನವನ್ನು ನಿರ್ಣಯಿಸುವ ಜರ್ಮನ್ ವಿದ್ವಾಂಸ ಐಕ್‌ಸ್ಟೆಟ್‌ನ ದೀರ್ಘ ಲೇಖನವು ಅದರಲ್ಲಿ ಸೇರಿದೆ. ಮೈಬಣ್ಣ, ತಲೆಯ ಆಕಾರ, ಮುಖದ ಮಾಟಗಳಿಂದ ನಾಡಿನ ಜನರನ್ನು ಪದರಪದರವಾಗಿ ಬಿಡಿಸಿ, ಯಾರು ಮೊದಲು ಬಂದರು, ಯಾರು ಅನಂತರ ಬಂದರು ಎಂದು ಹೇಳುವ ಪ್ರಯತ್ನ ಅದು. ಇದೇ ವಿದ್ವಾಂಸನು ತನ್ನ ದೇಶದಲ್ಲಿ 1933ರ ಬಳಿಕ ಆಳಿದವರ ಜನಾಂಗವಾದಕ್ಕೆ ಶಾಸ್ತ್ರದ ಮೆರುಗು ಕೊಟ್ಟವರಲ್ಲಿ ಒಬ್ಬನಾದನೆಂಬುದನ್ನು ಓದುಗರು ಮರೆಯುವಂತಿಲ್ಲ.

ಈ ದೃಷ್ಟಿಗೆ ದಾರಿ ತೋರಿದವನು 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲೆ. ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕೆ ಹೆಚ್ಚಾದಂತೆ ಜಾತಿಯ ಸ್ಥಾನ ಇಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಭಾರತೀಯರನ್ನು ಅವನು ಏಳು ಮಾದರಿಗಳಾಗಿ ವಿಂಗಡಿಸಿದನು. ಆ ಲೆಕ್ಕದಲ್ಲಿ ಕೊಡವರು ಮಹಾರಾಷ್ಟ್ರದ ಬ್ರಾಹ್ಮಣರೊಡನೆ, ಕುಣಬಿಗಳೊಡನೆ ‘ಶಕ-ದ್ರಾವಿಡ’ರಾದರು, ಅವರ ಸುತ್ತಲಿನ ಕನ್ನಡಿಗರು ‘ದ್ರಾವಿಡ’ರಾದರು. ಇಲ್ಲಿ ಎರಡು ತಪ್ಪುಗಳು ಕೂಡಿವೆ. ‘ಆರ್ಯ’, ‘ದ್ರಾವಿಡ’ ಎಂಬವು ಭಾಷಾಶಾಸ್ತ್ರವು ಭಾಷಾಕುಟುಂಬಗಳಿಗೆ ಇಟ್ಟ ಹೆಸರುಗಳು. ಅವನ್ನು ರಕ್ತಕ್ಕೆ ಅಂಟಿಸಬಾರದೆಂದು ಮ್ಯಾಕ್ಸ್ ಮುಲ್ಲರ್ 1888ರಲ್ಲಿಯೇ ಎಚ್ಚರಿಸಿದ್ದನು. ಎರಡನೆಯದಾಗಿ, ಜಾತಿಯೇ ಜನಾಂಗವೆಂದು ಮೊದಲೇ ನಂಬಿ, ಜಾತಿಜಾತಿಯಾಗಿ ಅಳೆದು, ಆ ಅಳತೆಯಿಂದಲೇ ಅದು ಸಿದ್ಧವಾಯಿತೆಂದು ಹೇಳುವುದು ಸಾಧ್ಯವನ್ನೇ ಸಾಧನವಾಗಿ ಹಿಡಿದಂತಾಯಿತು. ಕೊಡವರನ್ನು ಅರಿಯುವ ಸರಿಯಾದ ದಾರಿ ಅರ್ಧಶತಮಾನದ ಬಳಿಕ ತೆರೆಯಿತು. 1952ರಲ್ಲಿ ಎಂ. ಎನ್. ಶ್ರೀನಿವಾಸರು ತಲೆಯ ಅಗಲವನ್ನು ಬಿಟ್ಟು ‘ಒಕ್ಕ’ವನ್ನೂ ಅದರ ಪೂಜೆ, ಮಡಿ-ಮೈಲಿಗೆಗಳನ್ನೂ ಹಿಡಿದು ಆ ಸಮಾಜವನ್ನು ವಿವರಿಸಿದರು.

ಗಡಿಯ ದೋಷವನ್ನೂ ಗಮನಿಸಬೇಕು. ನಂಜುಂಡಯ್ಯನವರ ಕಾಲದ ಮೈಸೂರು ಇಂದಿನ ಕರ್ನಾಟಕದ ಒಂದು ಭಾಗ ಮಾತ್ರ. ಧಾರವಾಡ, ಕಾರವಾರಗಳ ಜನರನ್ನು ಅರಿಯಲು ಎಂಥೋವನ್ನನ ಮುಂಬಯಿ ಗ್ರಂಥವನ್ನೂ, ಮಂಗಳೂರು, ಬಳ್ಳಾರಿಯವರಿಗಾಗಿ ಥರ್ಸ್ಟನ್ನನ ಮದರಾಸಿನ ಏಳು ಸಂಪುಟಗಳನ್ನೂ, ಕಲಬುರಗಿ, ರಾಯಚೂರಿನವರಿಗಾಗಿ ಸಿರಾಜುಲ್ ಹಸನ್ ಅವರ ನಿಜಾಮ ಸಂಸ್ಥಾನದ ಗ್ರಂಥವನ್ನೂ ತೆರೆಯಬೇಕು. ಒಂದೇ ಕುರುಬ ಸಮುದಾಯ, ಒಂದೇ ಬೇಡ ಸಮುದಾಯ ಬೇರೆ ಬೇರೆ ಸರ್ಕಾರಗಳ ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಹಂಚಿಹೋದುವು. 1956ರಲ್ಲಿ ನಾಡು ಒಂದಾಯಿತು, ಪುಸ್ತಕಗಳು ಒಂದಾಗಲಿಲ್ಲ. 1985ರಲ್ಲಿ ಭಾರತೀಯ ಮಾನವವಿಜ್ಞಾನ ಸರ್ವೇಕ್ಷಣವು ‘ಪೀಪಲ್ ಆಫ್ ಇಂಡಿಯಾ’ ಯೋಜನೆಯನ್ನು ಕೈಗೊಂಡ ಬಳಿಕವೇ ಇಡೀ ಕರ್ನಾಟಕದ ಸಮುದಾಯಗಳನ್ನು ಒಂದೆಡೆ ಕಾಣುವಂತಾಯಿತು.

ಹಾಗೆ ಒಂದೆಡೆ ಕಂಡಾಗ ತೋರುವ ಚಿತ್ರವೇ ಬೇರೆ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 6,10,95,297. ಕನ್ನಡವನ್ನು ತಾಯಿನುಡಿಯೆಂದು ಬರೆಯಿಸಿದವರು ಸುಮಾರು ಮೂರರಲ್ಲಿ ಎರಡು ಪಾಲು. ಉಳಿದವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ ಮೊದಲಾದ ನುಡಿಗಳವರು. ಆದರೂ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ಪದ್ಧತಿ ಇಲ್ಲಿನ ಬ್ರಾಹ್ಮಣರಿಂದ ಹಿಡಿದು ಹೊಲಗೆಲಸದವರ ವರೆಗೆ ಹಲವು ಜಾತಿಗಳಲ್ಲಿ ಬಳಕೆಯಲ್ಲಿದೆ. ಉತ್ತರ ಭಾರತದ ಬ್ರಾಹ್ಮಣರಿಗೆ ಅದು ನಿಷಿದ್ಧ. ನೆರೆಯವರೊಡನೆ ಕೂಡಿ ಬಾಳಿದ ಬಾಳುವೆಯು ದೂರದ ಸವರ್ಣದವರಿಗಿಂತ ಹತ್ತಿರದ ನಂಟನ್ನು ಬೆಳೆಸಿತು. ಯಾವ ಮೂಗಿನ ಅಳತೆಯೂ ಇದನ್ನು ಹಿಡಿದುಕೊಡಲಾರದು.

ಉತ್ತರ ಕನ್ನಡದ ಸಿದ್ದಿಯರ ಕಥೆ ಈ ವಿಷಯದಲ್ಲಿ ಕಣ್ತೆರೆಸುವಂಥದು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಅವರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ನೆಲೆನಿಂತು, ಕೊಂಕಣಿ-ಕನ್ನಡಗಳನ್ನಾಡುತ್ತ, ಹಿಂದೂ, ಮುಸಲ್ಮಾನ, ಕ್ರೈಸ್ತರೆಂದು ಮೂರು ಮತಗಳಲ್ಲಿ ಹಂಚಿಕೊಂಡಿದ್ದಾರೆ. ಆ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮನ್ನಣೆ ದೊರೆತುದು 2003ರಲ್ಲಿ. ಮೈಕಟ್ಟನ್ನು ಮಾತ್ರ ನೋಡುವ ಕಣ್ಣಿಗೆ ಅವರು ಇಂದಿಗೂ ಪರದೇಶದವರು. ಬಾಳನ್ನು ನೋಡುವ ಕಣ್ಣಿಗೆ ಅವರು ಈ ನಾಡಿನವರೇ.

ವೀರಶೈವ ಸಮುದಾಯವೂ ಈ ಗ್ರಂಥಗಳಲ್ಲಿ ಹಲವು ಜಾತಿಗಳ ನಡುವೆ ಒಂದು ಜಾತಿಯಾಗಿ ಕುಳಿತಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯರು ಯಾವ ಕಾಯಕಗಳಿಂದ ಬಂದವರೆಂಬುದನ್ನು ಅವರ ಹೆಸರುಗಳೇ ಸಾರುತ್ತವೆ. ಹೀಗೆ ಬಗೆಬಗೆಯ ಕಾಯಕದವರು ಕೂಡಿ ಆದ ಸಮುದಾಯಕ್ಕೆ ಒಂದು ತಲೆಬುರುಡೆಯ ಮಾದರಿಯನ್ನು ಹುಡುಕುವುದು ವ್ಯರ್ಥವೇ ಸರಿ. ಆದರೆ ಅದೇ ಗ್ರಂಥಗಳು ದಾಖಲಿಸುವ ಒಳಪಂಗಡಗಳ ಪಟ್ಟಿಯನ್ನು ಸುಳ್ಳೆಂದು ತಳ್ಳಿಹಾಕುವುದು ಸಾಧ್ಯವಿಲ್ಲ. ಹುಟ್ಟನ್ನು ಕೇಳಬಾರದೆಂದು ಹೊರಟ ಸಮಾಜವು ಮದುವೆಯ ಹೊತ್ತಿನಲ್ಲಿ ಹುಟ್ಟನ್ನೇ ಕೇಳತೊಡಗಿತೆಂಬುದಕ್ಕೆ ಆ ಪಟ್ಟಿ ಕನ್ನಡಿ. ಕನ್ನಡಿಯನ್ನು ಹಳಿದು ಫಲವಿಲ್ಲ.

ಇತ್ತೀಚಿನ ವಂಶವಾಹಿ ಸಂಶೋಧನೆಯು ಈ ಮಾತಿಗೆ ಹೊಸ ಆಧಾರ ಒದಗಿಸಿದೆ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಅಮೆರಿಕದ ಸಂಶೋಧಕರೂ ಕೂಡಿ 2009ರಲ್ಲಿಯೂ 2013ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಇಂದಿನ ಬಹುತೇಕ ಭಾರತೀಯರು ಎರಡು ಪ್ರಾಚೀನ ಮೂಲಗಳ ಬೆರಕೆಯವರು. ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಆ ಬೆರಕೆ ವ್ಯಾಪಕವಾಗಿ ನಡೆಯಿತು. ಮೇಲಿನವರೆನಿಸಿದವರೂ ಕೆಳಗಿನವರೆನಿಸಿದವರೂ ಪ್ರಮಾಣಭೇದದಿಂದ ಅದರಲ್ಲಿ ಪಾಲುಗಾರರು. ಆಮೇಲೆ ಒಳಮದುವೆಯ ಬೇಲಿ ಬಿಗಿಯಾಯಿತು. ಎಂದರೆ ಬೆರಕೆ ಹಳೆಯದು, ಬೇಲಿ ಅದಕ್ಕಿಂತ ಈಚಿನದು. ಶುದ್ಧಿಯನ್ನು ಮೂಲವೆಂದೂ ಬೆರಕೆಯನ್ನು ಪತನವೆಂದೂ ತಿಳಿದ ಹಳೆಯ ಜನಾಂಗಶಾಸ್ತ್ರವು ಕಾಲಕ್ರಮವನ್ನೇ ತಲೆಕೆಳಗಾಗಿ ಹಿಡಿದಿತ್ತು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಎರಡು ನದಿಗಳ ನಡುವಣ ನೆಲದಿಂದಲೂ ಅಲ್ಲಿನವರ ನುಡಿಬಲ್ಮೆಯಿಂದಲೂ ಗುರುತಿಸಿತು. ಬಣ್ಣ, ಮೂಗು, ತಲೆಗಳನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ. ಸಾವಿರ ವರ್ಷಗಳ ಬಳಿಕ ಬಂದ ಅಳತೆಗೋಲು ಈ ತಿಳಿವಿಗಿಂತ ಹಿಂದೆ ಬಿದ್ದಿತು. ನಂಜುಂಡಯ್ಯ-ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಇಂದಿಗೂ ಓದಬೇಕು. ಅವರು ಕಂಡು ಕೇಳಿ ಬರೆದ ಬಾಳಿನ ವಿವರಗಳನ್ನು ಆದರದಿಂದ ಸ್ವೀಕರಿಸಬೇಕು. ಅಳೆದು ತೀರ್ಮಾನಿಸಿದ ಭಾಗವನ್ನು ಚರಿತ್ರೆಯ ಕಪಾಟಿನಲ್ಲಿಡಬೇಕು. ‘ಜನಾಂಗ’ ಎಂಬ ಮಾತನ್ನು ಬಳಸುವಾಗಲೆಲ್ಲ ಯಾವ ಅರ್ಥದಲ್ಲಿ ಎಂದು ಕೇಳಿಕೊಳ್ಳುವ ಎಚ್ಚರವು ಈ ಓದಿನಿಂದ ಮೂಡಿದರೆ, ಆ ಹಿರಿಯರ ಪರಿಶ್ರಮ ಸಾರ್ಥಕವಾಗುತ್ತದೆ.