ಸ್ನೇಹಕ್ಕೆ ಸ್ಥಾಯಿತ್ವವುಂಟೆ? – ಕೊರಿಯದ ಚಿತ್ರಕಥೆಗಳೂ ಪಂಪನ ಕರ್ಣನೂ

ಸ್ನೇಹವು ಸ್ವತಂತ್ರವಾದ ರಸವಾಗಬಲ್ಲುದೆ ಎಂಬ ಪ್ರಶ್ನೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಹಳೆಯದು. ಭರತನು ಹೇಳಿದ ಎಂಟು ರಸಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಒಂಬತ್ತನೆಯ ಶತಮಾನದ ರುದ್ರಟನು ‘ಪ್ರೇಯಸ್’ ಎಂಬ ರಸವೊಂದನ್ನು ಸೇರಿಸಿ, ಸ್ನೇಹವೇ ಅದರ ಸ್ಥಾಯಿಭಾವವೆಂದು ಸಾರಿದನು. ಅಭಿನವಗುಪ್ತನು ಇದನ್ನು ಒಪ್ಪಲಿಲ್ಲ. ತರುಣನಿಗೆ ಗೆಳೆಯರಲ್ಲಿರುವ ಒಲವು ರತಿಯಲ್ಲಿ ಹೋಗಿ ನಿಲ್ಲುತ್ತದೆ. ಲಕ್ಷ್ಮಣನಂಥವರಿಗೆ ಅಣ್ಣನಲ್ಲಿರುವ ಪ್ರೀತಿ ಧರ್ಮವೀರದಲ್ಲಿ ನಿಲ್ಲುತ್ತದೆ. ಮಗುವಿಗೆ ತಾಯಿತಂದೆಗಳಲ್ಲಿರುವುದು ಭಯದಲ್ಲಿ ನಿಲ್ಲುತ್ತದೆ. ಆದುದರಿಂದ ಸ್ನೇಹವು ಹಾದುಹೋಗುವ ದಾರಿಯೇ ಹೊರತು ತಂಗುವ ಮನೆಯಲ್ಲ ಎಂಬುದು ಅವನ ವಾದದ ಸಾರ.

ಅಭಿನವಗುಪ್ತನ ಮಾತಿಗೆ ನಮ್ಮ ಕಾವ್ಯ ನಾಟಕಗಳು ಬಹುಮಟ್ಟಿಗೆ ಸಾಕ್ಷಿಯಾಗಿವೆ. ಸಂಸ್ಕೃತ ನಾಟಕಗಳ ವಿದೂಷಕನು ನಾಯಕನ ಗೆಳೆಯನೇ. ಆದರೆ ಅವನ ಗೆಳೆತನದ ಪ್ರಯೋಜನವೆಲ್ಲ ನಾಯಕನ ಪ್ರಣಯವನ್ನು ಸಾಗಿಸುವುದರಲ್ಲಿ ಮುಗಿಯುತ್ತದೆ. ನಮ್ಮ ಚಲಚ್ಚಿತ್ರಗಳು ಆ ವಿದೂಷಕನನ್ನು ವೇಷ ಬದಲಿಸಿ ಉಳಿಸಿಕೊಂಡಿವೆ. ಹೀಗಿರಲಾಗಿ, ಈಚಿನ ವರ್ಷಗಳಲ್ಲಿ ನಮ್ಮವರ ಮನೆಗಳ ಪರದೆಯ ಮೇಲೂ ಬಂದಿರುವ ಕೊರಿಯದ ಚಿತ್ರಗಳು ಮತ್ತು ಧಾರಾವಾಹಿಗಳು ಈ ಹಳೆಯ ವ್ಯಾಜ್ಯದಲ್ಲಿ ಹೊಸ ಸಾಕ್ಷ್ಯವನ್ನು ಒದಗಿಸುತ್ತವೆ. ಪ್ರಣಯಕಥೆಗಳಿಂದಲೇ ಅವು ಹೆಸರಾಗಿರುವುದು ನಿಜ. ಆದರೆ ಅವುಗಳಲ್ಲಿ ಪ್ರಣಯವನ್ನು ಬದಿಗಿಟ್ಟು ಗೆಳೆತನವನ್ನೇ ವಸ್ತುವಾಗಿ ಹಿಡಿದ ಒಂದು ಪಂಕ್ತಿಯುಂಟು. ಸ್ನೇಹಕ್ಕೆ ಸ್ಥಾಯಿತ್ವವುಂಟೆ ಎಂಬುದನ್ನು ಆ ಪಂಕ್ತಿಯ ಕೆಲವು ಕೃತಿಗಳಿಂದ ಪರೀಕ್ಷಿಸಿ, ಅದೇ ಒರೆಗಲ್ಲಿಗೆ ನಮ್ಮ ಕರ್ಣನನ್ನೂ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕಥನದ ಕಷ್ಟವನ್ನು ಗಮನಿಸಬೇಕು. ಪ್ರಣಯಕ್ಕೆ ಆದಿಯುಂಟು, ವಿಘ್ನಗಳುಂಟು, ಮದುವೆಯೋ ಮರಣವೋ ಆಗಿ ಅಂತ್ಯವುಂಟು. ಗೆಳೆತನಕ್ಕೆ ಇವಾವುವೂ ಇಲ್ಲ. ಅದು ಯಾವ ದಿನ ಮೊದಲಾಯಿತೆಂದು ಹೇಳುವವರಿಲ್ಲ. ಅದಕ್ಕೆ ಮುಹೂರ್ತವಿಲ್ಲ, ಅಕ್ಷತೆಯಿಲ್ಲ. ಅದು ಮುಗಿದಾಗಲೂ ಬಹಳ ಸಲ ಯಾರಿಗೂ ತಿಳಿಯುವುದಿಲ್ಲ. ಇಂಥ ವಸ್ತುವಿನಿಂದ ಕಥೆ ಕಟ್ಟುವವನು ಸಂಧಿ ಸಂಧ್ಯಂಗಗಳನ್ನು ಬೇರೆಲ್ಲಿಂದಲೋ ಹುಡುಕಿ ತರಬೇಕು.

೨೦೦೦ದಲ್ಲಿ ಬಂದ ಪಾರ್ಕ್ ಚಾನ್-ವೂಕನ ‘ಜಾಯಿಂಟ್ ಸೆಕ್ಯುರಿಟಿ ಏರಿಯಾ’ ಅವನ್ನು ದೇಶದ ಗಡಿಯಿಂದ ತಂದಿತು. ಎರಡು ಕೊರಿಯಗಳ ನಡುವಣ ಪಾನ್ಮುಂಜೊಮಿನಲ್ಲಿ ದಕ್ಷಿಣದ ಸೈನಿಕನೊಬ್ಬನು ನೆಲಬಾಂಬಿನ ಮೇಲೆ ಕಾಲಿಟ್ಟು ಕದಲಲಾರದೆ ನಿಂತಿರುವಾಗ, ಉತ್ತರದ ಇಬ್ಬರು ಸೈನಿಕರು ಅವನನ್ನು ಉಳಿಸುತ್ತಾರೆ. ಮುಂದೆ ಅವನು ರಾತ್ರಿಯ ಹೊತ್ತು ಸೇತುವೆ ದಾಟಿ ಅವರ ಕಾವಲುಮನೆಗೆ ಹೋಗುತ್ತಾನೆ. ತನ್ನ ಸಂಗಡಿಗನೊಬ್ಬನನ್ನೂ ಕರೆದೊಯ್ಯುತ್ತಾನೆ. ನಾಲ್ವರೂ ಅಲ್ಲಿ ಮಾಡುವುದೇನು? ಮಿಠಾಯಿ ತಿನ್ನುತ್ತಾರೆ, ಮಕ್ಕಳ ಆಟ ಆಡುತ್ತಾರೆ. ಕೊರಿಯದ ಭಾಷೆಯಲ್ಲಿ ಗೆಳೆಯನೆಂಬ ಅರ್ಥದ ‘ಚಿಂಗು’ ಶಬ್ದ ಸಾಮಾನ್ಯವಾಗಿ ಸಮವಯಸ್ಕನಿಗೇ ಸಲ್ಲುತ್ತದೆ. ಹಿರಿಯನಾದರೆ ಅವನು ‘ಅಣ್ಣ’. ದಕ್ಷಿಣದ ಸೈನಿಕನು ಶತ್ರುಪಕ್ಷದ ಸಾರ್ಜೆಂಟನನ್ನು ಅಣ್ಣನೆಂದು ಕರೆಯುವ ಕ್ಷಣದಲ್ಲಿ ಎರಡು ರಾಜ್ಯಗಳ ನಡುವಣ ಗೆರೆ ಅಳಿಸಿಹೋಗುತ್ತದೆ. ಅದು ಅಳಿಸಿದ್ದು ಆ ಕೋಣೆಯಲ್ಲಿ ಮಾತ್ರವೆಂಬುದೇ ಚಿತ್ರದ ದುರಂತ. ಕೊನೆಯಲ್ಲಿ ನಿಲ್ಲುವುದು ಯಾರೋ ಪ್ರವಾಸಿ ತೆಗೆದ ಒಂದು ಛಾಯಾಚಿತ್ರ. ಗಡಿಯ ಎರಡು ಮಗ್ಗುಲಲ್ಲಿದ್ದ ನಾಲ್ವರೂ ಅದರ ಚೌಕಟ್ಟಿನಲ್ಲಿ ಸಿಕ್ಕಿದ್ದಾರೆ. ಅವರು ಗೆಳೆಯರಾಗಿದ್ದರೆಂಬುದಕ್ಕೆ ಆ ಪಟದಲ್ಲಿ ಯಾವ ಕುರುಹೂ ಕಾಣದು. ಕಥೆ ಬಲ್ಲವನಿಗೆ ಮಾತ್ರ ಅದು ಕಾಣುತ್ತದೆ. ಆದರೆ ಇಷ್ಟು ಒಳ್ಳೆಯ ಕೃತಿಯಲ್ಲಿಯೂ ಗೆಳೆತನವು ಕಡೆಗೆ ಕರುಣದಲ್ಲಿ ಕರಗುತ್ತದೆ. ಮರುವರ್ಷ ಬಂದ ಕ್ವಾಕ್ ಕ್ಯುಂಗ್-ತೇಕನ ‘ಚಿಂಗು’ ಚಿತ್ರದಲ್ಲಿ ಬೂಸಾನ್ ನಗರದ ಬಾಲ್ಯಸ್ನೇಹಿತರು ಪುಂಡರ ತಂಡಗಳಿಗೆ ಸೇರಿ ಎದುರಾಳಿಗಳಾಗುತ್ತಾರೆ. ಅಲ್ಲಿ ಅದು ರೌದ್ರದಲ್ಲಿ ಕರಗುತ್ತದೆ. ಇಲ್ಲಿಯವರೆಗೆ ಅಭಿನವಗುಪ್ತನೇ ಗೆದ್ದಂತೆ.

ಅದೇ ೨೦೦೧ರಲ್ಲಿ ಜೊಂಗ್ ಜೇ-ಉನ್ ಎಂಬ ನಿರ್ದೇಶಕಿ ತೆಗೆದ ‘ಟೇಕ್ ಕೇರ್ ಆಫ್ ಮೈ ಕ್ಯಾಟ್’ ಬೇರೆ ದಾರಿ ಹಿಡಿಯಿತು. ಬಂದರಿನ ಊರಾದ ಇಂಚಾನಿನ ವಾಣಿಜ್ಯ ಪ್ರೌಢಶಾಲೆಯೊಂದರಲ್ಲಿ ಓದು ಮುಗಿಸಿದ ಐವರು ಹುಡುಗಿಯರ ಕಥೆ ಇದು. ಒಬ್ಬಳಿಗೆ ರಾಜಧಾನಿಯಲ್ಲಿ ಷೇರುದಲ್ಲಾಳಿ ಸಂಸ್ಥೆಯ ನೌಕರಿ ದೊರೆಯುತ್ತದೆ. ತಂದೆತಾಯಿಗಳಿಲ್ಲದ ಇನ್ನೊಬ್ಬಳು ಅಜ್ಜ ಅಜ್ಜಿಯರೊಡನೆ ಕುಸಿಯುತ್ತಿರುವ ಮನೆಯಲ್ಲಿದ್ದಾಳೆ. ಯಾರೂ ಯಾರಿಗೂ ದ್ರೋಹ ಬಗೆಯುವುದಿಲ್ಲ. ಸಂಬಳ, ದೂರ, ಬಿಡುವಿಲ್ಲದ ಕೆಲಸ ಇವೇ ಗೆಳೆತನವನ್ನು ಸವೆಸುತ್ತವೆ. ಒಂದು ಬೆಕ್ಕಿನ ಮರಿ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಸಾಗುತ್ತ ಹೋಗುತ್ತದೆ. ಸಾಕುವ ಶಕ್ತಿ ಇಲ್ಲದವಳು ಇರುವವಳಿಗೆ ಅದನ್ನು ಒಪ್ಪಿಸುತ್ತಾಳೆ. ಇದಕ್ಕಿಂತ ಹೆಚ್ಚಿನ ಘಟನೆಯನ್ನು ಚಿತ್ರ ಬೇಡುವುದಿಲ್ಲ. ಕೊನೆಗೆ ಇಬ್ಬರು ವಿಮಾನನಿಲ್ದಾಣದಿಂದ ಒಟ್ಟಿಗೆ ಊರು ಬಿಟ್ಟು ಹೊರಡುತ್ತಾರೆ. ಅನುಭಾವಗಳು ಇಷ್ಟು ಸಣ್ಣವಾಗಿದ್ದರೂ ಸ್ಥಾಯಿ ಕದಲದಿರುವುದೇ ಈ ಕೃತಿಯ ಗುಣ.

ಧಾರಾವಾಹಿಗಳಿಗೆ ಬಂದರೆ, ಲೇಖಕಿ ಈ ವೂ-ಜೊಂಗ್ ಮತ್ತು ನಿರ್ದೇಶಕ ಶಿನ್ ವೊನ್-ಹೋ ಜೊತೆಯಾಗಿ ಕಟ್ಟಿದ ಎರಡು ಕೃತಿಗಳನ್ನು ನೋಡಬೇಕು. ೨೦೧೫–೧೬ರಲ್ಲಿ ಬಂದ ‘ರಿಪ್ಲೈ ೧೯೮೮’ ಸೋಲ್ ನಗರದ ಸಾಂಗ್‌ಮುನ್-ದೊಂಗ್ ಬಡಾವಣೆಯ ಓಣಿಯೊಂದರ ಐವರು ಗೆಳೆಯರ ಕಥೆ. ಮೊದಲ ಕಂತಿನಲ್ಲಿಯೇ ಸಂಜೆ ಊಟದ ಹೊತ್ತಿಗೆ ಮಕ್ಕಳು ಒಂದು ಮನೆಯ ಪಲ್ಯವನ್ನು ಇನ್ನೊಂದು ಮನೆಗೆ ಒಯ್ಯುತ್ತ ಅತ್ತಿಂದಿತ್ತ ಓಡಾಡುತ್ತಾರೆ. ಬಟ್ಟಲು ಬರಿದಾಗಿ ಹಿಂದಿರುಗಬಾರದೆಂಬ ನಮ್ಮ ಕೇರಿಗಳ ಪದ್ಧತಿಯನ್ನು ಬಲ್ಲವರಿಗೆ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಡ.

ಇದಕ್ಕಿಂತ ಗಂಭೀರವಾದ ಅಂಶವೊಂದು ಈ ಕಥೆಯಲ್ಲಿದೆ. ನಾಯಕಿಯ ತಂದೆ ಬ್ಯಾಂಕಿನ ನೌಕರ. ಗೆಳೆಯನ ಸಾಲಕ್ಕೆ ಜಾಮೀನು ನಿಂತು, ಆ ಸಾಲ ತನ್ನ ತಲೆಗೆ ಬಂದು, ಸಂಸಾರದೊಡನೆ ಇನ್ನೊಬ್ಬರ ಮನೆಯ ಅರ್ಧ ನೆಲದೊಳಗಿನ ಕೋಣೆಗಳಲ್ಲಿ ಬಾಡಿಗೆಗಿದ್ದಾನೆ. ಕಾನೂನು ಗೆಳೆತನವನ್ನು ಗುರುತಿಸುವುದಿಲ್ಲ. ಆದರೆ ಈ ಒಂದು ಬಾಗಿಲಿನಲ್ಲಿ ಅದು ಕಾನೂನಿನ ಕೈಗೆ ಸಿಕ್ಕಿಬೀಳುತ್ತದೆ. ನಮ್ಮ ೧೮೭೨ರ ಕರಾರು ಕಾಯಿದೆಯ ೧೨೮ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ‘ನಿನ್ನದೆಲ್ಲ ನನ್ನದು’ ಎಂದು ಗೆಳೆಯರು ಆಡುವ ಮಾತಿಗೆ ಕಾಗದದ ಮೇಲೆ ಇರುವ ರೂಪ ಇದೇ. ಒಂದು ರುಜುವಿನ ಬೆಲೆಯನ್ನು ಹೆಂಡತಿ ಮಕ್ಕಳು ತೆರುತ್ತಾರೆಂಬುದನ್ನು ಈ ಧಾರಾವಾಹಿ ಮರೆಮಾಚುವುದಿಲ್ಲ. ಆದರೆ ಅದೇ ಸಂಸಾರವನ್ನು ಅದೇ ಓಣಿಯ ನೆರೆಹೊರೆಯವರ ಗೆಳೆತನವೇ ಎತ್ತಿ ಹಿಡಿಯುತ್ತದೆ. ಸ್ನೇಹವು ಕೆಡಿಸಿದ್ದನ್ನು ಸ್ನೇಹವೇ ತುಂಬಿಕೊಡುವ ಈ ಲೆಕ್ಕಾಚಾರದಲ್ಲಿ ಪ್ರೇಯಸ್ಸಿಗೆ ತಕ್ಕ ವಿಭಾವಗಳು ದೊರೆಯುತ್ತವೆ. ನಾಚಿಕೆ, ಅಸೂಯೆ, ಮುನಿಸು, ಪಶ್ಚಾತ್ತಾಪಗಳು ವ್ಯಭಿಚಾರಿಗಳಾಗಿ ಬಂದುಹೋಗುತ್ತವೆ. ‘ಜೊಂಗ್’ ಎಂದು ಕೊರಿಯದವರು ಕರೆಯುವ ಒಡನಾಟದ ಅಕ್ಕರೆಯಲ್ಲಿ ‘ಮುದ್ದಿನ ಜೊಂಗ್’, ‘ಹಗೆಯ ಜೊಂಗ್’ ಎಂಬ ಎರಡು ಬಗೆಗಳುಂಟು. ಸಿಟ್ಟನ್ನೂ ತನ್ನೊಳಗೆ ಅಡಗಿಸಿಕೊಳ್ಳಬಲ್ಲ ಭಾವಕ್ಕೆ ಸ್ಥಾಯಿಯ ಲಕ್ಷಣವಿಲ್ಲವೆನ್ನಲಾಗದು.

ನಾಯಕಿಯ ಗಂಡ ಯಾರೆಂಬ ಒಗಟನ್ನು ಕಥೆಯುದ್ದಕ್ಕೂ ಎಳೆದುದು ನೋಡುಗರನ್ನು ಹಿಡಿದಿಡುವ ಹಂಚಿಕೆ. ಅದು ಕೃತಿಯ ದೋಷವೇ ಸರಿ. ಆದರೆ ಕೊನೆಯ ದೃಶ್ಯ ಮದುವೆಯದಲ್ಲ. ಜನ ಬಿಟ್ಟುಹೋದ ಓಣಿ, ಮತ್ತು ನೆನಪಿನಲ್ಲಿ ಮಾತ್ರ ಉಳಿದ ಒಂದು ಕೋಣೆಯಲ್ಲಿ ಸೇರಿದ ಐವರು ಎಳೆಯರು. ಕೃತಿ ಎಲ್ಲಿ ತಂಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಡ. ೨೦೨೦–೨೧ರಲ್ಲಿ ಎರಡು ಭಾಗಗಳಲ್ಲಿ ಬಂದ ‘ಹಾಸ್ಪಿಟಲ್ ಪ್ಲೇಲಿಸ್ಟ್’ ಈ ದೃಷ್ಟಿಯಿಂದ ಒಂದು ಮೆಟ್ಟಿಲು ಕೆಳಗೆ. ವೈದ್ಯಕೀಯ ಕಾಲೇಜಿನಿಂದ ಇಪ್ಪತ್ತು ವರ್ಷ ಜೊತೆಗಿರುವ ಐವರು ವೈದ್ಯರು ಕೂಡಿ ಉಣ್ಣುತ್ತಾರೆ, ಕೂಡಿ ವಾದ್ಯ ನುಡಿಸುತ್ತಾರೆ. ಶ್ರುತಿಜ್ಞಾನವಿಲ್ಲದ ಗೆಳತಿ ಹಾಡಲು ಹಠ ಹಿಡಿದರೆ ಸಹಿಸಿಕೊಳ್ಳುತ್ತಾರೆ. ಇಂಥ ಪ್ರಸಂಗಗಳಲ್ಲಿ ಕೃತಿ ಜೀವಂತವಾಗಿದೆ. ಆದರೆ ಎರಡನೆಯ ಭಾಗ ಮುಗಿಯುವ ಹೊತ್ತಿಗೆ ಐವರಿಗೂ ಜೊತೆ ಗೊತ್ತಾಗುತ್ತದೆ. ಅವರಲ್ಲಿಯೇ ಇಬ್ಬರು ಗೆಳೆತನದಿಂದ ಪ್ರಣಯಕ್ಕೆ ದಾಟುತ್ತಾರೆ. ಸ್ನೇಹವು ರತಿಯಲ್ಲಿ ನಿಲ್ಲುತ್ತದೆಂಬ ಅಭಿನವಗುಪ್ತನ ಮಾತಿಗೆ ಕೃತಿಕಾರರು ಕೊನೆಗೂ ಶರಣಾದರು.

ಕೊರಿಯದ ಇಂಥ ಕಥೆಯೊಂದು ಆಂಧ್ರಕ್ಕೂ ಬಂದಿದೆ. ೨೦೧೭ರ ‘ಮಿಡ್‌ನೈಟ್ ರನ್ನರ್ಸ್’ ಪೊಲೀಸು ತರಬೇತಿ ಪಡೆಯುವ ಇಬ್ಬರು ತರುಣರ ಕಥೆ. ಬೆಟ್ಟದ ಓಟದಲ್ಲಿ ಕಾಲು ಉಳುಕಿದವನು ಗೋಮಾಂಸದ ಊಟದ ಆಸೆ ತೋರಿಸಿ ಇನ್ನೊಬ್ಬನ ಬೆನ್ನೇರುತ್ತಾನೆ; ಗೆಳೆತನ ಹುಟ್ಟುವುದು ಆ ಚೌಕಾಶಿಯಲ್ಲಿ. ತೆಲುಗಿನಲ್ಲಿ ಇದು ೨೦೨೨ರಲ್ಲಿ ‘ಶಾಕಿನಿ ಡಾಕಿನಿ’ ಆಗಿ, ಇಬ್ಬರು ತರುಣರ ಜಾಗದಲ್ಲಿ ಇಬ್ಬರು ತರುಣಿಯರು ಬಂದರು. ಹೆಂಗಸರ ಗೆಳೆತನಕ್ಕೆ ವೀರಕಥೆಯ ಚೌಕಟ್ಟನ್ನು ಕೊಟ್ಟ ಈ ಮಾರ್ಪಾಡು ಗಮನಾರ್ಹವಾದುದು. ಆದರೆ ತೆಲುಗರ ಮನಸ್ಸಿನಲ್ಲಿ ಗೆಳೆತನವೆಂದರೆ ಮೊದಲು ನೆನಪಾಗುವ ಚಿತ್ರ ಇದಲ್ಲ. ಅದು ೧೯೭೭ರ ‘ದಾನವೀರಶೂರಕರ್ಣ’. ವಿಜಯವಾಡದ ವಿಮಾನನಿಲ್ದಾಣವಿರುವ ಗನ್ನವರಂ ಸೀಮೆಗೆ ದೂರವಲ್ಲದ ನಿಮ್ಮಕೂರಿನವರಾದ ಎನ್. ಟಿ. ರಾಮರಾವ್ ಅದನ್ನು ತಾವೇ ನಿರ್ಮಿಸಿ, ನಿರ್ದೇಶಿಸಿ, ಕೃಷ್ಣ ಕರ್ಣ ದುರ್ಯೋಧನರ ಮೂರು ಪಾತ್ರಗಳನ್ನೂ ತಾವೇ ವಹಿಸಿದರು. ಸುಮಾರು ನಾಲ್ಕು ಗಂಟೆಯ ಈ ಚಿತ್ರದಲ್ಲಿ, ಕುಲವನ್ನು ಕೇಳಿ ಕರ್ಣನನ್ನು ಅವಮಾನಿಸಿದ ಸಭೆಗೆ ದುರ್ಯೋಧನನು ಕೊಡುವ ಉತ್ತರವನ್ನು ಆ ನಾಡಿನ ಜನ ಬಾಯಿಪಾಠ ಮಾಡಿಕೊಂಡಿದ್ದಾರೆ. ಆದರೂ ಒಂದು ಕೊರತೆ ಉಳಿಯುತ್ತದೆ. ಗೆಳೆತನಕ್ಕೆ ಇಬ್ಬರು ಬೇಕು. ಇಲ್ಲಿ ಎರಡು ಪಾತ್ರಕ್ಕೂ ಒಂದೇ ಮುಖ. ಕೊಟ್ಟವನೂ ಪಡೆದವನೂ ಒಬ್ಬನೇ ಆದಾಗ ಔದಾರ್ಯ ಮೆರೆಯುತ್ತದೆ, ಒಡನಾಟ ಕಾಣಿಸುವುದಿಲ್ಲ.

ಆ ಒಡನಾಟವನ್ನು ಕಂಡ ಕವಿಯ ಮೂಲವೂ ಇದೇ ನೆಲ. ಗನ್ನವರಂನಿಂದ ಹೆದ್ದಾರಿ ಹಿಡಿದು ಹನುಮಾನ್ ಜಂಕ್ಷನ್ ದಾಟಿದರೆ ಏಲೂರು. ಅದರ ಉತ್ತರಕ್ಕೆ ಇರುವ ಪೆದವೇಗಿಯೇ ಹಿಂದಿನ ವೆಂಗಿ. ಪಂಪನ ಪೂರ್ವಿಕರು ವೆಂಗಿನಾಡಿನ ವೆಂಗಿಪಳುವಿನವರು; ಪಂಪನಿಗೆ ಆಶ್ರಯ ದೊರೆತುದು ವೇಮುಲವಾಡದ ಅರಿಕೇಸರಿಯಲ್ಲಿ. ಒಡೆಯನನ್ನು ಅರ್ಜುನನೊಡನೆ ಹೋಲಿಸಿ ಕಾವ್ಯ ಬರೆದ ಕವಿ, ಆ ಅರ್ಜುನನ ಎದುರಾಳಿಯನ್ನೇ ಭಾರತದಲ್ಲಿ ನೆನೆಯತಕ್ಕವನೆಂದು ಎತ್ತಿ ಹೇಳಿದ್ದು ಸಣ್ಣ ಮಾತಲ್ಲ. ಕೃಷ್ಣನು ಜನ್ಮವೃತ್ತಾಂತವನ್ನು ತಿಳಿಸಿ ಪಾಂಡವಪಕ್ಷಕ್ಕೆ ಕರೆದಾಗ ಪಂಪನ ಕರ್ಣನು ನೆನೆಯುವ ಪ್ರಸಂಗ ಎಲ್ಲರಿಗೂ ತಿಳಿದದ್ದೇ: ನೆತ್ತದಾಟ, ಭಾನುಮತಿಯ ಸೋಲು, ಪಣಕ್ಕಾಗಿ ಕಾಡುವಾಗ ಹರಿದ ಹಾರ, ಚೆಲ್ಲಿದ ಮುತ್ತು, ಶಂಕೆಯಿಲ್ಲದ ಅರಸು. ಆಡುತ್ತಿದ್ದವರು ಯಾರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಯಾವ ಅನ್ವಯವನ್ನು ಹಿಡಿದರೂ ಒಂದು ಸಂಗತಿ ನಿಲ್ಲುತ್ತದೆ: ಆ ಪದ್ಯದಲ್ಲಿ ಕರ್ಣನು ಅಂಗರಾಜ್ಯವನ್ನು ಸಾಕ್ಷಿಗೆ ಕರೆಯುವುದಿಲ್ಲ. ಅಂಗರಾಜ್ಯ ಜೋಳದ ಪಾಳಿ. ಅದನ್ನು ತಲೆ ಕೊಟ್ಟು ತೀರಿಸಬಹುದು. ಹಾರ ಹರಿದ ಆ ಹೊತ್ತಿನ ನಂಬಿಕೆಯನ್ನು ತೀರಿಸುವ ಬಗೆಯಿಲ್ಲ. ತಮಿಳುನಾಡಿನಲ್ಲಿಯೂ ಪ್ರಚಲಿತವಾದ ಈ ಪ್ರಸಂಗವನ್ನು ನಮ್ಮವರೇ ಆದ ಬಿ. ಆರ್. ಪಂತುಲು ೧೯೬೪ರ ತಮಿಳು ‘ಕರ್ಣನ್’ ಚಿತ್ರದಲ್ಲಿ ತೋರಿಸಿದರು. ಭಾನುಮತಿಯಾದವರು ಕೃಷ್ಣಾತೀರದವರೇ ಆದ ಸಾವಿತ್ರಿ.

ಹೀಗೆ ನೋಡಿದರೆ, ಕೊರಿಯದ ಧಾರಾವಾಹಿಗಳು ಇಪ್ಪತ್ತು ಕಂತುಗಳಲ್ಲಿ ಹರಡಿ ಹೇಳುವುದನ್ನು ಪಂಪನು ಒಂದು ಪದ್ಯದಲ್ಲಿ ಹಿಡಿದಿದ್ದನೆನ್ನಬೇಕು. ಆದರೆ ಅವನ ಕಾವ್ಯ ಅಲ್ಲಿ ನಿಲ್ಲಲಾರದು. ಯುದ್ಧ ಕಾದಿದೆ, ಕರ್ಣನು ವೀರಕ್ಕೂ ಕರುಣಕ್ಕೂ ಸಲ್ಲಬೇಕು. ಆ ಮಧ್ಯಾಹ್ನದಲ್ಲಿಯೇ ತಂಗುವ ಬಿಡುವು ಓಣಿಯ ಕಥೆಗಾರರಿಗೆ ದೊರೆಯಿತು. ರುದ್ರಟನ ಪಕ್ಷವನ್ನು ಇಷ್ಟರ ಮಟ್ಟಿಗೆ ಎತ್ತಿ ಹಿಡಿಯಬಹುದು: ತ್ಯಾಗವನ್ನು ಹುಡುಕಿ ಹೊರಟ ಕಥೆಯಲ್ಲಿ ಸ್ನೇಹವು ವೀರದ ಸೇವಕ, ಮದುವೆಯನ್ನು ಹುಡುಕಿ ಹೊರಟ ಕಥೆಯಲ್ಲಿ ಅದು ಶೃಂಗಾರದ ದೂತ, ಬಟ್ಟಲು, ಬೆಕ್ಕಿನ ಮರಿ, ಚೆಲ್ಲಿದ ಮುತ್ತುಗಳನ್ನು ತಾಳ್ಮೆಯಿಂದ ನೋಡುವ ಕಥೆಯಲ್ಲಿ ಮಾತ್ರ ಅದು ಮನೆಯ ಯಜಮಾನ.

ಊರು ಬಿಟ್ಟು ಬಂದವರಿಗೆ ಈ ವಿಚಾರ ಕೇವಲ ಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ. ಬಂಧುಬಳಗ ಹಿಂದೆ ಉಳಿದು, ಪರಭಾಷೆಯ ನಗರದಲ್ಲಿ ಬಾಡಿಗೆಯ ಕರಾರಿಗೆ ಸಾಕ್ಷಿ ಹಾಕುವವನೂ ಆಸ್ಪತ್ರೆಯಲ್ಲಿ ರಾತ್ರಿ ಕೂರುವವನೂ ಗೆಳೆಯನೇ. ಕನ್ನಡದ ಗದ್ಯಕಥೆ ಮತ್ತು ಚಲಚ್ಚಿತ್ರ ಅವನನ್ನು ಇನ್ನೂ ವಿದೂಷಕನ ಪೀಠದಲ್ಲಿಯೇ ಕೂರಿಸಿರುವುದು ನ್ಯಾಯವಲ್ಲ. ವೆಂಗಿಯಿಂದ ಬಂದ ಮನೆತನದ ಕವಿ ಅವನಿಗೆ ಹಾಕಿಕೊಟ್ಟ ಮಣೆ ಸಾವಿರ ವರ್ಷಗಳಿಂದ ಕಾದಿದೆ.