ಮೊಣಕಾಲುದ್ದದ ನೀರು

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ಬಳಿಕ ಕೋಡಿ ಬಿತ್ತು. ಅದಕ್ಕೆ ಮುಂಚೆ ಹಾಗೆ ತುಂಬಿ ಹರಿದದ್ದು 1933ರಲ್ಲಿ. ಆಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಆಗಿನಿಂದ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ಮಾತು ಬಲವಾಗಿ ನೆಲೆಯೂರಿದೆ. ನೀರು ಬಂದಾಯಿತು, ಇನ್ನು ಹಕ್ಕಿಗಳು ತಾವಾಗಿಯೇ ಬರುತ್ತವೆ. ಬೇಟೆಯೊಂದನ್ನು ತಡೆದರೆ ಸಾಕು. ಭಾಷಣಗಳಲ್ಲಿ, ಪತ್ರಿಕೆಗಳ ಚಿತ್ರಬರಹಗಳಲ್ಲಿ, ಪರಿಸರದ ಬಗ್ಗೆ ಪ್ರಾಮಾಣಿಕ ಕಾಳಜಿಯುಳ್ಳ ಮೇಷ್ಟರ ಪಾಠಗಳಲ್ಲೂ ಇದೇ ನಂಬಿಕೆ ಕೇಳಿಬರುತ್ತದೆ. ಇದರ ಎರಡು ತುದಿಯೂ ತಪ್ಪು ಎಂಬುದು ನನ್ನ ವಾದ. ನೀರು ಹೆಚ್ಚಿದಷ್ಟೂ ಹಕ್ಕಿ ಹೆಚ್ಚುವುದಿಲ್ಲ. ಬೇಟೆ ನಿಂತ ಮಾತ್ರಕ್ಕೆ ಹಕ್ಕಿ ಉಳಿಯುವುದೂ ಇಲ್ಲ.

ನೀರಿನ ಸಂತೋಷವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಹಿರಿಯೂರು, ಹೊಸದುರ್ಗಗಳಲ್ಲಿ ತೆಂಗಿನ ತೋಟಗಳು ಸುಳಿ ಒಣಗಿ ನಿಂತದ್ದನ್ನು, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ಲಿನಿಂದ ಧೂಳು ಬಂದದ್ದನ್ನು ಈ ಸೀಮೆ ಮರೆತಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗಾಗಿ ಜನ ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದಾರೆ. ಮಧ್ಯ ಕರ್ನಾಟಕದ ಬರದ ತಾಲ್ಲೂಕುಗಳ 367 ಕೆರೆಗಳನ್ನು ತುಂಬಿಸುವುದೂ ಆ ಯೋಜನೆಯ ಭಾಗ. ಈ ನೀರು ಬೇಕೇಬೇಕು. ಪ್ರಶ್ನೆ ಇರುವುದು ಅದನ್ನು ಎಲ್ಲಿ, ಎಷ್ಟು ಆಳದಲ್ಲಿ, ಯಾವ ತಿಂಗಳಿನಲ್ಲಿ ನಿಲ್ಲಿಸುತ್ತೇವೆ ಎಂಬಲ್ಲಿ.

ಬಾತು ಮೇಯುವುದನ್ನು ಗಮನವಿಟ್ಟು ನೋಡಿದವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಹಿಮಾಲಯದಾಚೆಯಿಂದ ಬರುವ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಅಗಲ ಕೊಕ್ಕಿನ ಚಲುಕದ ಬಾತು, ನಮ್ಮಲ್ಲೇ ಮರಿಮಾಡುವ ವರಟೆ, ಇವು ಯಾವುವೂ ಹೊಟ್ಟೆಪಾಡಿಗೆ ಆಳಕ್ಕೆ ಮುಳುಗುವ ಹಕ್ಕಿಗಳಲ್ಲ. ತಲೆಕೆಳಗಾಗಿ, ಬಾಲ ಮೇಲೆತ್ತಿ, ಕತ್ತು ನಿಲುಕುವಷ್ಟು ದೂರದ ಕೆಸರಿನಿಂದ ಹುಲ್ಲಿನ ಬೀಜ, ಗೆಡ್ಡೆ, ಹುಳ ಆಯುತ್ತವೆ; ಇಲ್ಲವೇ ನೀರಿನ ಮೇಲ್ಪದರವನ್ನು ಕೊಕ್ಕಿನಿಂದ ಸೋಸುತ್ತವೆ. ಗೇಣುದ್ದ ನೀರಾದರೆ ಸಲೀಸು, ಮೊಳದುದ್ದಕ್ಕೆ ಕಷ್ಟ, ಅದಕ್ಕಿಂತ ಮೇಲಾದರೆ ತಳದ ಮೇವು ಇದ್ದೂ ಇಲ್ಲ. ಉಲ್ಲಂಕಿ, ಗೊರವ, ಮೆಟ್ಟುಗಾಲು ಹಕ್ಕಿಗಳಿಗೆ ಬೇಕಾದದ್ದು ಇನ್ನೂ ಕಡಿಮೆ. ಕೆಸರು ಮಿನುಗುವಷ್ಟು ನೀರಿದ್ದರೆ ಅವಕ್ಕೆ ಹಬ್ಬ. ಆಳದ ನೀರಿನಲ್ಲಿ ಬದುಕು ಮಾಡಬಲ್ಲವು ಮುಳುಗಿ ಮೀನು ಹಿಡಿಯುವ ನೀರುಕಾಗೆಯಂಥವು. ಜಲಾಶಯ ತುಂಬಿದಾಗ ಕಾಣುವ ಹಕ್ಕಿಗಳಲ್ಲಿ ಅವೇ ಹೆಚ್ಚು. ದೂರದಿಂದ ಕಪ್ಪಗೆ ಕಂಡ ಗುಂಪನ್ನೆಲ್ಲ ವಲಸೆ ಬಂದ ಬಾತು ಎಂದು ಬರೆದುಬಿಡುವ ಉತ್ಸಾಹವೂ ನಮ್ಮಲ್ಲಿದೆ.

1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆಯ, ಅಣೆಕಟ್ಟು ಹೆಸರೇ ಹೇಳುವಂತೆ ಕಣಿವೆಯ ಬಾಯಿಯನ್ನು ಮುಚ್ಚಿದ ಕಟ್ಟೆ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ನಿಂತಿದೆ. 130 ಅಡಿ ನೀರು, 30 ಟಿಎಂಸಿ ಸಂಗ್ರಹ. ಕಟ್ಟೆಯ ಬಳಿ ನೀರು ಒಂದು ಅಡಿ ಇಳಿದರೆ ತೆರೆದುಕೊಳ್ಳುವುದು ಬಂಡೆಯ ಒಂದು ಪಟ್ಟಿ ಅಷ್ಟೆ. ಅದೇ ಒಂದು ಅಡಿ ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ, ನೆಲ ಸಪಾಟಾಗಿರುವಲ್ಲಿ, ಎಕರೆಗಟ್ಟಲೆ ಕೆಸರನ್ನು ಬಿಟ್ಟುಕೊಡುತ್ತದೆ. ಕೋಡಿ ಬಿದ್ದ ವರ್ಷ ಆ ಕಡೆ ನೀರು ತೋಟ, ಮನೆಗಳಿಗೆ ನುಗ್ಗಿ ಜನ ಪಾಡುಪಟ್ಟರು. ಹಕ್ಕಿಯ ಮೇವಿನ ನೆಲವೂ ಅದೇ ನೀರಿನಡಿ ಹೋಯಿತೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಟ್ಟೆಯ ಮೇಲೆ ನಿಂತು ನೋಡುವವರಿಗೆ ಸಾಗರ ತುಂಬಿ ಕಾಣುತ್ತದೆ. ಬಾತಿನ ಪಾಲಿಗೆ ಅದರ ಬಹುಭಾಗ ಮೇವಿಲ್ಲದ ಬಯಲು. ಹಗಲು ಹೊತ್ತು ತೇಲಿಕೊಂಡು ವಿಶ್ರಮಿಸಬಹುದು, ಉಣ್ಣಲು ಬೇರೆಲ್ಲಿಗೋ ಹೋಗಬೇಕು.

ಆ ಬೇರೆಲ್ಲಿಯೋ ಎಂಬುದೇ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗದ ಊರೂರಿನ ಕೆರೆಗಳು. ಈ ಸೀಮೆಯಲ್ಲಿ ಕೆರೆ ಕಟ್ಟುವುದು ಎಷ್ಟು ಹಳೆಯ ಕೆಲಸವೆಂದರೆ, ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಹೇಳುವುದೂ ಒಂದು ಕೆರೆಯ ಸಂಗತಿಯನ್ನೇ. ಭರಮಸಾಗರದ ಕೆರೆ ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಇನ್ನೂ ಹೊತ್ತಿದೆ. ಈ ಕೆರೆಗಳಿಗೆ ಒಂದು ವರ್ಷಚಕ್ರವಿತ್ತು. ಬೇಸಿಗೆಯಲ್ಲಿ ಅಂಗಳ ಒಣಗುತ್ತಿತ್ತು. ರೈತರು ಗಾಡಿ ಹೂಡಿ ಕೆರೆಗೋಡು ಹೊಡೆಯುತ್ತಿದ್ದರು, ದನ ಮೇಯುತ್ತಿದ್ದವು, ಮುಂಗಾರಿನ ಮೊದಲ ಹದಕ್ಕೆ ಅಂಗಳದ ತುಂಬ ಹುಲ್ಲು, ಜೇಕು ಎದ್ದು ಬೀಜ ಕಟ್ಟುತ್ತಿದ್ದವು. ಹಿಂಗಾರಿನ ಮಳೆಗೆ ಹಳ್ಳ ಬಂದು ಆ ಹುಲ್ಲಿನ ಮೇಲೆಯೇ ನೀರು ಹರಡುತ್ತಿತ್ತು. ಬಾತುಗಳು ಬಂದಿಳಿಯುವುದೂ ಆಗಲೇ. ಅಲ್ಲಿಂದಾಚೆ ನೀರಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುತ್ತ ಹೋದಂತೆ ಅಂಚು ದಿನದಿನವೂ ಒಳಕ್ಕೆ ಸರಿಯುತ್ತಿತ್ತು. ನಿನ್ನೆ ಮೊಳದುದ್ದ ನೀರಿದ್ದ ಕಡೆ ನಾಳೆ ಗೇಣುದ್ದ, ನಾಡಿದ್ದು ಬರೀ ಕೆಸರು. ಹೀಗೆ ಮಾರ್ಚಿನವರೆಗೂ ಒಂದೊಂದು ವಾರಕ್ಕೆ ಒಂದೊಂದು ಹೊಸ ಮೇವಿನ ಪಟ್ಟಿ ಹಕ್ಕಿಗೆ ಸಿಗುತ್ತಿತ್ತು. ಗದ್ದೆಗಾಗಿ ಮಾಡಿದ ಕೆಲಸ ಇದು. ಹಕ್ಕಿಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತದೆಯೇ ಅದರ ಹೊಟ್ಟೆ ತುಂಬಿತು.

ಈ ಚಕ್ರವನ್ನು ನಾವು ಎರಡು ಕಡೆಯಿಂದ ಮುರಿಯುತ್ತಿದ್ದೇವೆ, ಎರಡನ್ನೂ ಅಭಿವೃದ್ಧಿಯ ಹೆಸರಿನಲ್ಲಿ. ಒಂದು, ಹೂಳೆತ್ತುವ ರೀತಿ. ಗಾಡಿಯಲ್ಲಿ ಗೋಡು ಹೊಡೆಯುವಾಗ ನೆಲ ತೆಳ್ಳಗೆ ಕೆರೆಯುತ್ತಿತ್ತು, ಇಳಿಜಾರು ಹಾಗೇ ಉಳಿಯುತ್ತಿತ್ತು. ಈಗ ಜೆಸಿಬಿ, ಹಿಟಾಚಿ ಇಳಿದು ಅಂಚಿನಲ್ಲೇ ಆಳೆತ್ತರದ ಗುಂಡಿ ತೋಡುತ್ತವೆ. ಇಟ್ಟಿಗೆಗೂ ರಸ್ತೆಗೂ ಮಣ್ಣು ಬೇಕು, ಲಾರಿಗೆ ಹತ್ತಿರವಾದದ್ದು ಅಂಚು. ಮಳೆ ಬಂದಾಗ ಆ ಗುಂಡಿಗಳು ನೇರ ಗೋಡೆಯ ಬಾವಿಗಳಾಗುತ್ತವೆ. ಈಜಲು ಇಳಿದ ಮಕ್ಕಳ ಜೀವವನ್ನೂ ತೆಗೆಯುತ್ತವೆ. ಎರಡನೆಯದು, ಪೈಪಿನಿಂದ ನೀರು ತಂದು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲಿಸುವ ಆಸೆ. ಬತ್ತದ ಕೆರೆಯಲ್ಲಿ ಅಂಗಳದ ಹುಲ್ಲು ಹುಟ್ಟುವುದಿಲ್ಲ, ಜೊಂಡು ದಟ್ಟವಾಗುತ್ತದೆ, ಬಿಟ್ಟ ಮೀನು ಕೊಬ್ಬಿ ಕೆಸರಿನ ಹುಳವನ್ನೆಲ್ಲ ತಿಂದು ಮುಗಿಸುತ್ತದೆ. ಮೀನಿನ ಟೆಂಡರು ಹಿಡಿದವರಿಗೆ ನೀರು ಇಳಿಯುವುದೇ ಬೇಡ. ಊರಿನ ಪಕ್ಕದ ಕೆರೆಯಾದರೆ ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡಿ ದೀಪ ಹಾಕುತ್ತಾರೆ. ಗೇಣುದ್ದ ನೀರು ನಿಲ್ಲುವ ಜಾಗವೇ ಅಲ್ಲಿಗೆ ಮುಗಿಯಿತು.

ಹಕ್ಕಿಗೆ ದೊಡ್ಡ ನೀರೇ ಬೇಕಿಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. 2024ರಲ್ಲಿ ಕರ್ನಾಟಕದ ಎರಡು ಕೆರೆಗಳು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ಗದಗ ಜಿಲ್ಲೆಯ ಮಾಗಡಿ ಕೆರೆ ಸುಮಾರು 50 ಹೆಕ್ಟೇರ್, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಸುಮಾರು 98. ಎರಡೂ ಹಳ್ಳಿಯ ನೀರಾವರಿ ಕೆರೆಗಳು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಮಾಗಡಿ ಕೆರೆಯನ್ನು ವಾಣಿವಿಲಾಸ ಸಾಗರದ ಹಿನ್ನೀರಿನ ಒಂದು ಮೂಲೆಯಲ್ಲಿ ಅಡಗಿಸಿಡಬಹುದು.

ಇನ್ನು ಬೇಟೆಯ ಮಾತು. 1972ರ ವನ್ಯಜೀವಿ ಕಾಯಿದೆಯಲ್ಲಿ ಸಣ್ಣ ಬೇಟೆಗೆ ಪರವಾನಗಿ ಪಡೆಯುವ ದಾರಿ ಮೊದಲಿಗೆ ಇತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಇಂದು ಬಾತು ಹೊಡೆದವನಿಗೆ ಮೂರು ವರ್ಷದವರೆಗೆ ಸೆರೆ, 2022ರ ತಿದ್ದುಪಡಿಯ ಬಳಿಕ ಒಂದು ಲಕ್ಷದವರೆಗೆ ದಂಡ ಬೀಳಬಹುದು. ಈ ನಿಷೇಧ ಸರಿ, ಅದು ಸಡಿಲವಾಗಬಾರದು. ಆದರೆ ನಿಷೇಧವಿದೆ ಎಂಬ ನೆಮ್ಮದಿಯಲ್ಲಿ ನಾವು ಮಿಕ್ಕದ್ದನ್ನು ನೋಡುವುದನ್ನೇ ಬಿಟ್ಟೆವು. ರಾಜಸ್ಥಾನದ ಭರತಪುರದ ಜೌಗಿನ ಕಥೆ ಇಲ್ಲಿ ನೆನಪಾಗಬೇಕು. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದ ಒಂದೇ ದಿನ ಅಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿದರು. ಎಣಿಸಲೂ ಮನಸ್ಸು ಬಾರದ ಕ್ರೌರ್ಯ ಅದು. ಆದರೂ ಹಕ್ಕಿಗಳು ಆ ಜೌಗಿಗೆ ಮತ್ತೆ ಮತ್ತೆ ಬಂದವು, ಏಕೆಂದರೆ ತೆಳುನೀರಿನ ಆ ಹರವು ಉಳಿದಿತ್ತು. ಅದು ಅಭಯಾರಣ್ಯವಾಗಿ, ವಿಶ್ವಪರಂಪರೆಯ ತಾಣವಾಗಿ, ಒಂದೂ ಗುಂಡು ಹಾರದಂತಾದ ಮೇಲೆ, 2000ದ ಈಚಿನ ವರ್ಷಗಳಲ್ಲಿ ಮೇಲಿನ ಪಾಂಚನಾ ಅಣೆಕಟ್ಟು ನೀರು ತಡೆದಾಗ ಹಕ್ಕಿಗಳು ವಿರಳವಾದವು. ಬೇಟೆ ಲೆಕ್ಕಕ್ಕಿಲ್ಲ ಎಂದು ಇದರ ಅರ್ಥವಲ್ಲ. ಸೈಬೀರಿಯಾದ ಬಿಳಿ ಕೊಕ್ಕರೆಗಳು ಭರತಪುರಕ್ಕೆ ಬರುವುದು ನಿಂತದ್ದರಲ್ಲಿ ದಾರಿಯಲ್ಲಿನ ಬೇಟೆಯ ಪಾಲೂ ಇದೆ. ನೀರಿನ ಪ್ರಶ್ನೆಗೆ ಬಂದೂಕು ತಡೆಯುವ ಉತ್ತರವಷ್ಟೇ ಸಾಲದು ಎಂಬಷ್ಟೇ ನನ್ನ ಮಾತು.

ನಮ್ಮ ಜಿಲ್ಲೆಯಲ್ಲಿ ಈ ಉತ್ತರಕ್ಕೆ ಇನ್ನೊಂದು ಅಪಾಯವಿದೆ. ಬೇಡರ ನಾಡು, ಆದ್ದರಿಂದ ಬೇಟೆಯ ನಾಡು ಎಂಬ ಸುಲಭ ತೀರ್ಮಾನ. ಚಿತ್ರದುರ್ಗದ ಪಾಳೆಯಗಾರರು ಬೇಡ ಕುಲದವರು, ನಿಜ. ಅವರು ಬಿಟ್ಟುಹೋದದ್ದರಲ್ಲಿ ಕೋಟೆಯ ಹೊಂಡಗಳೂ ಬಯಲಿನ ಕೆರೆಗಳೂ ಇವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು ಕೋಳಿಯನ್ನೇ ಮುಟ್ಟದ ಜನ. ಹಕ್ಕಿ ಹಿಡಿಯುವ ಕಸುಬಿನಿಂದಲೇ ಹೆಸರು ಬಂದ ಹಕ್ಕಿಪಿಕ್ಕಿಗಳು ಕಸುಬು ಬಿಟ್ಟು ಗಿಡಮೂಲಿಕೆಯ ಎಣ್ಣೆ ಮಾರುತ್ತ ಆಫ್ರಿಕಾದವರೆಗೂ ಹೋಗಿದ್ದಾರೆ; 2023ರಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಬಹಳ ಮಂದಿ ಅವರೇ. ಹಕ್ಕಿ ಕಡಿಮೆಯಾದಾಗ ಬೆರಳು ಮೊದಲು ಈ ಜನರತ್ತ ಹೋಗುವುದು ಅನ್ಯಾಯ. ಅಂಚನ್ನು ಅಗೆದ ಗುತ್ತಿಗೆದಾರರತ್ತ, ಅದಕ್ಕೆ ಸಹಿ ಹಾಕಿದ ಕಚೇರಿಯತ್ತ ಆ ಬೆರಳು ಹೋಗುವುದೇ ಇಲ್ಲ.

ಕಳ್ಳಬೇಟೆ ಇದೆ, ಇರುತ್ತದೆ. ಉರುಳು, ಬಲೆ, ವಿಷ ಬೆರೆಸಿದ ಕಾಳು, ರಾತ್ರಿಯ ಟಾರ್ಚು ಅದರ ಸಾಧನಗಳು. ಆದರೆ ಅದು ಯಾವಾಗ ಫಲಿಸುತ್ತದೆ ನೋಡಿ. ಸುತ್ತಲಿನ ಹತ್ತು ಕೆರೆಗಳಲ್ಲೂ ತೆಳುನೀರಿದ್ದರೆ ಹಕ್ಕಿ ಹರಡಿಕೊಂಡಿರುತ್ತದೆ, ಒಂದು ಕಡೆ ಗದ್ದಲವಾದರೆ ಇನ್ನೊಂದಕ್ಕೆ ಹಾರುತ್ತದೆ. ಒಂಬತ್ತರ ಅಂಚು ಹೋಗಿ ಒಂದೇ ಕೆರೆಯಲ್ಲಿ ಮೇವು ಉಳಿದರೆ ಎಲ್ಲವೂ ಅಲ್ಲೇ ಕಿಕ್ಕಿರಿಯುತ್ತವೆ. ಉರುಳು ಹಾಕುವವನಿಗೆ ಆ ಕೆರೆಯ ಹೆಸರು ಗೊತ್ತಿದ್ದರೆ ಸಾಕು. ಅಂಚನ್ನು ಅಳಿಸಿದವರೇ ಬೇಟೆಗಾರನಿಗೆ ಕೆಲಸ ಸಲೀಸು ಮಾಡಿಕೊಟ್ಟಂತೆ. ಫೆಬ್ರವರಿ, ಮಾರ್ಚಿನಲ್ಲಿ, ಕೆರೆಗಳು ಕುಗ್ಗಿ ಹಕ್ಕಿಗಳು ದೀರ್ಘ ಪಯಣಕ್ಕೆ ಮೈ ಕಟ್ಟಿಕೊಳ್ಳುವ ಹೊತ್ತಿನಲ್ಲಿ, ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಕಾವಲು ಬೇಕಾದದ್ದು ಆ ತಿಂಗಳುಗಳಲ್ಲಿ, ಆ ಕೆರೆಗಳಲ್ಲಿ. ಪ್ರವಾಸಿಗರು ನೆರೆಯುವ ಅಣೆಕಟ್ಟಿನ ಮೇಲೆ ಅಲ್ಲ.

ಬೇಟೆಗೆ ಪರವಾನಗಿ ಕೊಟ್ಟರೆ ಬೇಟೆಗಾರರೇ ಜೌಗನ್ನು ಕಾಯುತ್ತಾರೆ ಎಂದು ವಾದಿಸುವವರೂ ಇದ್ದಾರೆ. ಅವರು ಅಮೆರಿಕವನ್ನು ತೋರಿಸುತ್ತಾರೆ. ಅಲ್ಲಿ 1934ರಿಂದ ಬಾತು ಬೇಟೆಗಾರರು ಪ್ರತಿ ವರ್ಷ ಒಂದು ಸ್ಟ್ಯಾಂಪು ಕೊಳ್ಳಬೇಕು, ಆ ಹಣದಿಂದ ಸರ್ಕಾರ ಜೌಗುನೆಲ ಕೊಂಡು ಉಳಿಸಿದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಲ್ಲಿ ಹಕ್ಕಿ ಉಳಿದದ್ದು ಕೊಂದದ್ದರಿಂದಲ್ಲ, ನೆಲ ಕೊಂಡದ್ದರಿಂದ ಮತ್ತು ನೀರಿನ ಮಟ್ಟವನ್ನು ಹಕ್ಕಿಗಾಗಿ ಏರಿಳಿಸಿದ್ದರಿಂದ. ಬೇಸಿಗೆಗೆ ಮುಂಚೆ ನೀರು ಇಳಿಸಿ ಹುಲ್ಲು ಬೆಳೆಯಲು ಬಿಟ್ಟು, ಹಕ್ಕಿ ಬರುವ ಹೊತ್ತಿಗೆ ತೆಳ್ಳಗೆ ನೀರು ಹಾಯಿಸುವುದು ಅಲ್ಲಿನ ನಿರ್ವಾಹಕರ ನಿತ್ಯದ ಕೆಲಸ. ಅದು ನಮ್ಮ ನೀರಗಂಟಿ ಮಾಡುತ್ತಿದ್ದ ಕೆಲಸವೇ ಅಲ್ಲವೇ? ಅದನ್ನು ಕಲಿಯಲು ನಮಗೆ ಬಂದೂಕು ಬೇಡ.

ಕಾನೂನಿನ ತೊಡಕು ಬೇರೆ. 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗಾಗಿ ಕಟ್ಟಿದ ಕೆರೆಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಬಯಲುಸೀಮೆಯಲ್ಲಿ ಮನುಷ್ಯ ಕಟ್ಟದ ಕೆರೆ ಯಾವುದಿದೆ? ಹಕ್ಕಿಗೆ ರಕ್ಷಣೆಯಿದೆ, ಅದು ನಿಂತ ನೀರಿಗಿಲ್ಲ. ಪ್ರಾಣಿಗಳ ಪಟ್ಟಿ ಮಾಡಿ ಕೊಲ್ಲಬೇಡಿ ಎನ್ನುವುದು ಈ ದೇಶಕ್ಕೆ ಹೊಸತಲ್ಲ. ಅಶೋಕನ ಸ್ತಂಭಶಾಸನದ ಪಟ್ಟಿಯಲ್ಲಿ ಹಂಸವೂ ಚಕ್ರವಾಕವೂ ಇವೆ. ಜೀವಿಗಳ ಮೇಲೆ ಕರುಣೆಯಿರಲಿ ಎನ್ನುವ ಅವನ ಮಾತು ನಮ್ಮದೇ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಅವನ ಕಾಲದಲ್ಲಿ ಕೆರೆಯಂಚನ್ನು ಒಂದೇ ಹಗಲಿನಲ್ಲಿ ಅಗೆದೊಯ್ಯುವ ಯಂತ್ರ ಇರಲಿಲ್ಲ.

ಬೇಕಾದದ್ದು ದೊಡ್ಡ ಖರ್ಚಿನ ಯೋಜನೆಯಲ್ಲ. ಹೂಳು ಏರಿಯ ಕಡೆಯಿಂದ ತೆಗೆಯಲಿ, ಹಳ್ಳ ಬಂದು ಸೇರುವ ಮೇಲಂಗಳವನ್ನು ಯಂತ್ರ ಮುಟ್ಟದಿರಲಿ. ಪೈಪಿನ ನೀರು ಬಂದ ಕೆರೆಯಲ್ಲೂ ನವೆಂಬರಿನಿಂದ ತೂಬು ಹಳೆಯ ಪದ್ಧತಿಯಂತೆ ಏಳಲಿ. ಅಚ್ಚುಕಟ್ಟಿನ ರೈತನಿಗೂ ಅದೇ ಬೇಕು. ಬೇಸಿಗೆಯಲ್ಲಿ ಅಂಗಳದ ಒಂದು ಭಾಗವಾದರೂ ಒಣಗಲಿ, ಬಳ್ಳಾರಿ ಜಾಲಿ ಅದನ್ನು ಆವರಿಸದಂತೆ ಪಂಚಾಯಿತಿ ನೋಡಿಕೊಳ್ಳಲಿ. ಜಲಾಶಯದಿಂದ ಎಷ್ಟು ನೀರು, ಯಾವಾಗ ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ಕೂತು ತೀರ್ಮಾನಿಸುತ್ತದೆ. ಶಾಸಕರು, ಎಂಜಿನಿಯರುಗಳು, ರೈತ ಮುಖಂಡರು ಸೇರುವ ಆ ಸಭೆಗೆ ಅರಣ್ಯ ಇಲಾಖೆಯವರು ಒಂದು ನಕ್ಷೆ ತರಲಿ: ಹೊಸದುರ್ಗದ ಹಿನ್ನೀರಿನಲ್ಲಿ ಯಾವ ಮಟ್ಟಕ್ಕೆ ಎಷ್ಟು ಎಕರೆ ಮೊಣಕಾಲುದ್ದದ ನೀರು ಉಳಿಯುತ್ತದೆ, ಡಿಸೆಂಬರಿನಲ್ಲಿ ಎಷ್ಟು, ಫೆಬ್ರವರಿಯಲ್ಲಿ ಎಷ್ಟು. ನೀರು ಬಿಡುವ ತಾರೀಖು ಗೊತ್ತುಮಾಡುವ ಮೊದಲು ಆ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡಲಿ.